ಸೀನಪ್ಪನ ಋತು

ನಮ್ಮ ಶಕುನಶಾಸ್ತ್ರದ ಪ್ರಕಾರ ಸೀನು ಅಂದರೆ ಒಂದು, ಹೆಚ್ಚೆಂದರೆ ಎರಡು. ಒಂಟಿ ಸೀನು ಕೆಟ್ಟದ್ದು, ಕೂತು ಒಂದು ಲೋಟ ನೀರು ಕುಡಿದು ಹೊರಡಬೇಕು. ಜೋಡಿ ಸೀನು ಒಳ್ಳೆಯದು, ಧೈರ್ಯವಾಗಿ ಹೊಸಿಲು ದಾಟಬಹುದು. ಅಲ್ಲಿಂದಾಚೆಗೆ ಶಾಸ್ತ್ರ ಬಾಯಿ ಬಿಡುವುದಿಲ್ಲ. ಮೂಗಿನ ಅಲರ್ಜಿಯವನೊಬ್ಬ ಮನೆಯಲ್ಲಿದ್ದರೆ ಇದರಿಂದ ಎಂಥ ಫಜೀತಿಯಾಗುತ್ತದೆಂದು ನಾದಿನಿಯ ನಿಶ್ಚಿತಾರ್ಥಕ್ಕೆ ಹೊರಟ ದಿನ ಕಂಡೆ. ತಾಂಬೂಲದ ತಟ್ಟೆ ಹಿಡಿದ ಹೆಂಗಸರು ಬಾಗಿಲಿಗೆ ಬರುವಷ್ಟರಲ್ಲಿ ನಾನು ಸೀನಿದೆ. ಎಲ್ಲರೂ ವಾಪಸು ಬಂದು ಕೂತರು. ಇನ್ನೊಂದು ಸೀನಿದೆ, ಎಲ್ಲರೂ ಎದ್ದರು. ಮತ್ತೊಂದಕ್ಕೆ ಅರ್ಧ ಜನ ಕೂತರು, ಅರ್ಧ ಜನ ನಿಂತೇ ಇದ್ದರು. ಆಮೇಲೆ ಲೆಕ್ಕ ಇಡುವವರೇ ಸೋತರು. ಕೊನೆಗೆ ನಮ್ಮತ್ತೆ, "ಅಳಿಯಂದಿರು ಹಿಂದಿನ ಕಾರಲ್ಲಿ ನಿಧಾನಕ್ಕೆ ಬರಲಿ, ನಾವು ಮುಂದೆ ಹೋಗ್ತಿರೋಣ" ಎಂದು ತೀರ್ಪು ಕೊಟ್ಟರು.

ನನ್ನ ಹೆಸರಿನಲ್ಲಿ ಶ್ರೀನಿವಾಸನ ಸುಳಿವೇ ಇಲ್ಲ. ಆದರೂ ಆಫೀಸಿನಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ನಾನು ಸೀನಪ್ಪ.

ಇದು ನೆಗಡಿಯಲ್ಲ ಮಾರಾಯರೇ ಎಂದರೆ ಯಾರೂ ನಂಬುವುದಿಲ್ಲ. ನೆಗಡಿ ಒಂದು ವಾರದ ನೆಂಟ. ಮೈಕೈ ನೋವು, ಒಮ್ಮೊಮ್ಮೆ ಸಣ್ಣ ಜ್ವರ, ಗಟ್ಟಿ ಸಿಂಬಳ, ಮತ್ತೆ ಹೋದ ದಾರಿ. ಅಲರ್ಜಿಗೆ ಜ್ವರವಿಲ್ಲ. ತಿಳಿ ನೀರು ಸುರಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಪ್ರತಿವರ್ಷ ಅದೇ ಕಾಲಕ್ಕೆ ಬಂದು ವಾರಗಟ್ಟಲೆ ಬಿಡಾರ ಹೂಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ತುರಿಸುತ್ತದೆ. ಮೂಗು, ಕಣ್ಣು, ಕಿವಿಯೊಳಗಾದರೂ ಬೆರಳು ಹೋಗುತ್ತದೆ. ಅಂಗುಳ ತುರಿಸಿದರೆ ಏನು ಮಾಡುವುದು? ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಂದಕ್ಕೆಳೆಯಬೇಕು. ಆಗ "ಕ್ಳಕ್" ಎಂದು ಸದ್ದು ಬರುತ್ತದೆ. ನಮ್ಮ ನಾಯಿ ಅದನ್ನು ತನ್ನನ್ನು ಕರೆದದ್ದು ಎಂದುಕೊಂಡು ರಾತ್ರಿಯೆಲ್ಲ ಎದ್ದೆದ್ದು ಬರುತ್ತದೆ, ಏನೂ ಕೊಡದಿದ್ದರೆ ಬೇಜಾರು ಮಾಡಿಕೊಳ್ಳುತ್ತದೆ.

ಸಲಹೆಗಳಿಗೆ ಮಾತ್ರ ಬರವಿಲ್ಲ. "ಬೆಳಗ್ಗೆ ಎದ್ದ ಕೂಡಲೇ ತಣ್ಣೀರು ಸ್ನಾನ ಮಾಡಿ ಸಾರ್" ಎನ್ನುವವರೊಬ್ಬರು, "ತಣ್ಣೀರು ಮುಟ್ಟಲೇಬೇಡಿ" ಎನ್ನುವವರು ಅವರ ಪಕ್ಕದ ಮೇಜಿನವರೇ. ಮೊಸರು ಬಿಡಿ, ಬಾಳೆಹಣ್ಣು ಬಿಡಿ, ದೊಡ್ಡಪತ್ರೆ ರಸ ಕುಡಿಯಿರಿ, ಮೆಣಸಿನ ಸಾರು ಉಣ್ಣಿ, ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಳ್ಳಿ. ನನ್ನ ದೊಡ್ಡಪ್ಪ ನಶ್ಯದ ಡಬ್ಬಿಯನ್ನೇ ಮುಂದೆ ಹಿಡಿದು, "ಒಂದು ಚಿಟಿಕೆ ಏರಿಸೋ, ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು" ಎಂದರು. ಇವುಗಳಲ್ಲಿ ನಾನು ಬಿಡದೆ ಪಾಲಿಸುತ್ತಿರುವುದು ಮೆಣಸಿನ ಸಾರು ಒಂದನ್ನೇ. ಅದರಿಂದ ಅಲರ್ಜಿ ಹೋಗುವುದಿಲ್ಲ. ಆದರೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು ಮುಂದಿದ್ದಾಗ ಅಲರ್ಜಿ ಹೋಗಲೇಬೇಕೆಂಬ ಹಟವೂ ಇರುವುದಿಲ್ಲ.

ಇಂಥ ಉಪಚಾರಗಳಲ್ಲಿ ನಮಗಿಂತ ಹೆಚ್ಚು ಪಾಡು ಪಟ್ಟವರು ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್. ಬೇಸಿಗೆ ಬಂತೆಂದರೆ ಕಣ್ಣು ಮೂಗು ಹಿಡಿದುಕೊಂಡು ಒದ್ದಾಡುವ ರೋಗಿಯೊಬ್ಬನ ಕಥೆಯನ್ನು ಅವರು 1819ರಲ್ಲಿ ವೈದ್ಯರ ಸಭೆಯ ಮುಂದೆ ಓದಿದರು. ಆ ರೋಗಿ ಅವರೇ. ರಕ್ತ ತೆಗೆಸಿಕೊಂಡಿದ್ದರು, ತಣ್ಣೀರು ಸ್ನಾನ ಮಾಡಿದ್ದರು (ನಮ್ಮ ಆಫೀಸಿನವರು ಅಲ್ಲೂ ಇದ್ದರೇನೋ), ಅಫೀಮನ್ನೂ ಬಿಟ್ಟಿರಲಿಲ್ಲ. ಇನ್ನಷ್ಟು ರೋಗಿಗಳನ್ನು ಹುಡುಕುತ್ತ ಹೋದವರಿಗೆ 1828ರ ಹೊತ್ತಿಗೆ ಸಿಕ್ಕವರು 28 ಮಂದಿ, ಎಲ್ಲರೂ ಅನುಕೂಲಸ್ಥರು. ಹಾಗಾಗಿ ಇದಕ್ಕೆ ದೊಡ್ಡಮನುಷ್ಯರ ಕಾಯಿಲೆ ಎಂಬ ಗೌರವವೂ ಸಿಕ್ಕಿತ್ತು. ಅದು ನನ್ನ ಕಾಲಕ್ಕೆ ಉಳಿಯಲಿಲ್ಲ. ಬಿಸಿಲೇ ಕಾರಣ ಎಂದು ಬೋಸ್ಟಾಕ್ ನಂಬಿದ್ದರು. ನಿಜವಾದ ಕಳ್ಳನನ್ನು ಹಿಡಿದವರು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವರಿಗೂ ಇದೇ ಕಾಯಿಲೆ. ಹುಲ್ಲಿನ ಪರಾಗವನ್ನು ತಮ್ಮ ಮೂಗಿಗೇ ಹಾಕಿಕೊಂಡು ಸೀನಿದರು, ಚರ್ಮ ಗೀರಿ ಹಚ್ಚಿಕೊಂಡು ದದ್ದು ಎಬ್ಬಿಸಿಕೊಂಡರು, ಅಂಟು ಬಳಿದ ಗಾಜಿನ ಚೂರುಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ ಆಕಾಶದ ಪರಾಗವನ್ನೂ ಇಳಿಸಿಕೊಂಡರು. 1873ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದರು.

ಪರಾಗ ಎಂದ ಕೂಡಲೇ ನಮ್ಮ ಜನ ತಲೆಯೆತ್ತಿ ಮರ ನೋಡುತ್ತಾರೆ. ಬೆಂಗಳೂರಿನ ಟಬೆಬುಯಾ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸಾಕು, ಫೋಟೋ ತೆಗೆಯುವವರು ಒಂದು ಕಡೆ, ಮೂಗು ಮುಚ್ಚುವವರು ಇನ್ನೊಂದು ಕಡೆ. ಪಾಪ, ಆ ಮರದ ತಪ್ಪೇನೂ ಇಲ್ಲ. ಅಷ್ಟು ಬಣ್ಣ ಬಳಿದುಕೊಂಡಿರುವುದು ಜೇನುಹುಳುವನ್ನು ಕರೆಯಲಿಕ್ಕೆ. ಅದರ ಪರಾಗ ಭಾರ, ಅಂಟು, ಗಾಳಿಯಲ್ಲಿ ದೂರ ಹೋಗುವಂಥದ್ದಲ್ಲ. ಮೂಗಿಗೆ ಬರುವುದು ಚೆಂದವಿಲ್ಲದ ಹೂಗಳ ಪರಾಗ: ಹುಲ್ಲು, ಸರ್ವೆ ಮರ, ಮತ್ತೆ ನನ್ನ ಪರಮಶತ್ರು ಕಾಂಗ್ರೆಸ್ ಗಿಡ. ನಮ್ಮ ದೇಶದಲ್ಲಿ ಇದು ಮೊದಲು ಕಣ್ಣಿಗೆ ಬಿದ್ದದ್ದು ಪುಣೆಯಲ್ಲಿ, 1955ರಲ್ಲಿ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆಂಬ ಮಾತಿದೆ. ಈಗ ಅದಿಲ್ಲದ ಖಾಲಿ ಸೈಟನ್ನು ನಾನು ಕಂಡಿಲ್ಲ.

ಒಂದು ನವೆಂಬರಿನಲ್ಲಿ ಅದು ವೇದಿಕೆಯನ್ನೂ ಹತ್ತಿತು. ಬಡಾವಣೆಯ ರಾಜ್ಯೋತ್ಸವಕ್ಕೆ ನನ್ನನ್ನು ಅತಿಥಿಯೆಂದು ಕರೆದಿದ್ದರು. ಶಾಲು ಹೊದಿಸಿ, ಪೇಟ ತೊಡಿಸಿ, ಕೈಗೊಂದು ಹೂಗುಚ್ಛ ಕೊಟ್ಟರು. ಗುಲಾಬಿಗಳ ನಡುವೆ ತುಂಬಲೆಂದು ಸೇರಿಸಿದ್ದ ಸಾಸಿವೆಗಿಂತ ತುಸು ದೊಡ್ಡ ಬಿಳಿ ಹೂಗಳು, ಕ್ಯಾರೆಟ್ಟಿನಂತೆ ಸೀಳು ಸೀಳಾದ ಎಲೆ. ಗುರುತು ಹತ್ತುವ ಹೊತ್ತಿಗೆ ನಾಡಗೀತೆ ಶುರುವಾಗಿತ್ತು. ಅಲುಗಾಡದೆ ನಿಲ್ಲಬೇಕು, ಗುಚ್ಛ ಎದೆಗಿದೆ, ಮೂಗು ಅದರಿಂದ ಗೇಣು ದೂರ. ಎರಡು ಚರಣ ಹೇಗೋ ತಡೆದೆ. ಆಮೇಲೆ ಬಂದ ಸೀನಿಗೆ ಪೇಟ ಹಾರಿ ಅಧ್ಯಕ್ಷರ ಕಾಲಬುಡಕ್ಕೆ ಬಿತ್ತು. ಅವರು ಅದನ್ನು ವಿನಯವೆಂದು ತಿಳಿದು ಕೈಮುಗಿದರು.

ಇಷ್ಟಕ್ಕೂ ಪರಾಗ ನಿರುಪದ್ರವಿ. ಎಡವಟ್ಟು ನಮ್ಮ ಮೈಯದು. ಮದುವೆಮನೆಯಲ್ಲಿ ಹೋಳಿಗೆ ಬಡಿಸಲು ಬಂದ ಹುಡುಗನನ್ನೇ ಕಳ್ಳನೆಂದು ಹಿಡಿದು ಇಡೀ ಛತ್ರ ಎಬ್ಬಿಸುವ ಬೀಗರ ಕಡೆಯ ಹಿರಿಯರಿರುತ್ತಾರಲ್ಲ, ನಮ್ಮ ರಕ್ಷಣಾ ವ್ಯವಸ್ಥೆಯ ಕಥೆಯೂ ಅದೇ. ಐಜಿಇ ಎಂಬ ಪ್ರತಿಕಾಯ ಪರಾಗವನ್ನು ಗುರುತು ಹಿಡಿಯುತ್ತದೆ, ಮೂಗಿನ ಒಳಪದರದ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ, ಮುಂದಿನದು ಕರವಸ್ತ್ರಕ್ಕೆ ಗೊತ್ತು.

ಆ ಹಿಸ್ಟಮಿನ್ನನ್ನು ತಡೆಯುವ ಮಾತ್ರೆಗಳಿವೆ. ಹಳೆಯವನ್ನು ನುಂಗಿದರೆ ಸೀನೂ ನಿಲ್ಲುತ್ತದೆ, ಮನುಷ್ಯನೂ ನಿಂತುಬಿಡುತ್ತಾನೆ. ಗಾಡಿ ಓಡಿಸುವವರಿಗೆ ಸಲ್ಲದು. ಫೆಕ್ಸೊಫೆನಡಿನ್‌ನಂಥ ಹೊಸವುಗಳಲ್ಲಿ ಜೊಂಪು ಕಡಿಮೆ. ಆದರೆ ಕಟ್ಟಿದ ಮೂಗಿಗೆ ನಿಜವಾಗಿ ಕೆಲಸ ಮಾಡುವುದು ಸ್ಟೀರಾಯ್ಡ್ ಸ್ಪ್ರೇ. ಹೆಸರು ಕೇಳಿ ಹೌಹಾರಬೇಡಿ, ಪ್ರಮಾಣ ಮೈಕ್ರೋಗ್ರಾಂಗಳಲ್ಲಿ, ರಕ್ತಕ್ಕೆ ಸೇರುವುದು ಅತ್ಯಲ್ಪ. ಅದರ ದೋಷ ಬೇರೆ: ಹೊಡೆದ ತಕ್ಷಣ ಏನೂ ಆಗುವುದಿಲ್ಲ. ದಿನವೂ ತಪ್ಪದೆ ಹಾಕಿಕೊಂಡರೆ ಕೆಲವು ದಿನಗಳಲ್ಲಿ, ಕೆಲವರಿಗೆ ಎರಡು ವಾರದಲ್ಲಿ, ಗುಣ ಕಾಣುತ್ತದೆ. ಸೀಸನ್ ಶುರುವಾಗುವ ಮೊದಲೇ ಹಿಡಿದರೆ ಇನ್ನೂ ಒಳ್ಳೆಯದು. ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ತಲೆ ತುಸು ಮುಂದಕ್ಕೆ ಬಾಗಬೇಕು, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ, ಸ್ಪ್ರೇ ತುದಿ ನಡುಗೋಡೆಯ ಕಡೆಗಲ್ಲ, ಹೊರಗೆ ಕಿವಿಯ ಕಡೆಗೆ. ಜೋರಾಗಿ ಎಳೆದರೆ ಔಷಧಿ ಗಂಟಲಿಗಿಳಿದು ವ್ಯರ್ಥ. "ಒಂದು ಮೂಗಿಗೆ ಇಷ್ಟೊಂದು ಶಾಸ್ತ್ರವೇನ್ರೀ?" ಎಂದು ನನ್ನವಳು ಕನ್ನಡಿಯ ಹಿಂದೆ ನಿಂತು ನಗುತ್ತಾಳೆ.

ಮೆಡಿಕಲ್ ಶಾಪಿನವರು ಕೊಡುವ ಡ್ರಾಪ್ಸ್ ಹಾಗಲ್ಲ, ಐದೇ ನಿಮಿಷದಲ್ಲಿ ಮೂಗು ಬಿಟ್ಟುಕೊಳ್ಳುತ್ತದೆ. ಐದಾರು ದಿನ ದಾಟಿದರೆ ಮಾತ್ರ ಅದೇ ಮೂಗು ಕಟ್ಟಿಸತೊಡಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಒಂದು ಸೀಸೆ ಕಳೆದರೆ ಇರಲಿ ಎಂದು ಎರಡು ಜೇಬಿನಲ್ಲಿ ಎರಡು ಇಟ್ಟುಕೊಂಡು ಓಡಾಡುತ್ತಾರೆ. ಅದಕ್ಕಿಂತ ಉಪ್ಪುನೀರಿನ ಜಲನೇತಿ ವಾಸಿ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿಯದು ಕೂಡದು. ಹೊರಗಿಂದ ಬಂದೊಡನೆ ಮುಖ ತಲೆ ತೊಳೆಯುವುದು, ಗಾಳಿಯ ದಿನ ಕಿಟಕಿ ಮುಚ್ಚುವುದು, ಬಟ್ಟೆಯನ್ನು ಖಾಲಿ ಸೈಟಿನ ಕಡೆ ಒಣಹಾಕದಿರುವುದು, ಇಷ್ಟು ಮಾಡಿದರೂ ಅರ್ಧ ಸಮಾಧಾನ. ಯಾವುದಕ್ಕೂ ಬಗ್ಗದವರಿಗೆ ಪರಾಗವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಮೈಯನ್ನು ಒಗ್ಗಿಸುವ ಇಮ್ಯುನೊಥೆರಪಿ ಇದೆ. 1911ರಿಂದ ನಡೆದುಬಂದದ್ದು, ಮೂರು ವರ್ಷದ ತಾಳ್ಮೆ ಬೇಕು. ಎದೆಯಲ್ಲಿ ಸುಯ್‌ಗುಟ್ಟಿದರೆ, ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ರಕ್ತ ಬಂದರೆ ನನ್ನಂಥವರ ಲೇಖನ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗಿ.

ಇನ್ನು ಆ ಗಿಡ. ಕರ್ನಾಟಕ ಸರ್ಕಾರ 1975ರಲ್ಲೇ ಅದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಕಾನೂನೂ ಇದೆ, ಗಿಡವೂ ಇದೆ. 1984ರಲ್ಲಿ ಅದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಅದು ಮಳೆಗಾಲದಲ್ಲಿ ನಿಷ್ಠೆಯಿಂದ ಮೇಯುತ್ತದೆ, ಚಳಿ ಬಿದ್ದರೆ ಮಣ್ಣಿನೊಳಗೆ ಹೋಗಿ ಮಲಗಿಬಿಡುತ್ತದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ, ಹುಳು ಎಷ್ಟೆಂದು ತಿಂದೀತು?

ಆದ್ದರಿಂದ ಓದುಗ ಮಹಾಶಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆ ಪಕ್ಕದ ಸೈಟಿನಲ್ಲಿ ಕಾಂಗ್ರೆಸ್ ಗಿಡವಿದ್ದರೆ ಹೂ ಬಿಡುವ ಮೊದಲು, ಮಳೆಗೆ ಮಣ್ಣು ಮೆತ್ತಗಿರುವಾಗ, ಕೈಗೆ ಗ್ಲೌಸ್ ಹಾಕಿಕೊಂಡು ಬೇರುಸಮೇತ ಕಿತ್ತುಬಿಡಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮಕ್ಕೂ ತುರಿಕೆ ಹತ್ತುತ್ತದೆ. ಕೀಳುವವರು ಅಲರ್ಜಿ ಇಲ್ಲದವರೇ ಆಗಿರಬೇಕು, ನಾನು ಬರಲಾರೆ. ಕೀಳುವವರಿಗೆಲ್ಲ ಕಾಫಿ ನನ್ನ ಲೆಕ್ಕದ್ದು.