ಪೆದ್ದು ಕ್ಯಾಮರಾ ಬೇಕಾಗಿದೆ

ಕುಟುಂಬದಲ್ಲಿ ಯಾವನಾದರೂ ಒಬ್ಬ ಟಿವಿ ರಿಮೋಟಿನ ಸೆಲ್ಲನ್ನು ಸರಿಯಾದ ದಿಕ್ಕಿಗೆ ಹಾಕಿದನೆಂದರೆ ಮುಗಿಯಿತು. ಅಂದಿನಿಂದ ಆ ವಂಶದ ಸಮಸ್ತ ಯಂತ್ರಗಳ ಪೌರೋಹಿತ್ಯ ಅವನದೇ. ನಮ್ಮಲ್ಲಿ ಆ ಪದವಿ ನನ್ನದು. ನಾನು ಬ್ಯಾಂಕಿನ ಗುಮಾಸ್ತ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತಿರುತ್ತೇನೆ ಎಂಬುದು ನಿಜ. ಹಾಗಂತ ದಿನವಿಡೀ ಹೋಟೆಲಿನಲ್ಲಿ ಕುಳಿತವನಿಗೆಲ್ಲ ದೋಸೆ ಹೊಯ್ಯಲು ಬರುತ್ತದೆಯೆ? ನನ್ನ ಈ ವಾದವನ್ನು ನಮ್ಮವರು ಯಾರೂ ಒಪ್ಪಿದವರಲ್ಲ. ಮುಂಬಯಿಯ ಬೈಕುಲ್ಲಾದಲ್ಲಿರುವ ದೊಡ್ಡಮ್ಮನ ಮನೆಗೆ ಕ್ಯಾಮರಾ ಹಾಕಿಸಬೇಕೆಂಬ ಮಾತು ಎದ್ದಾಗ ಎಲ್ಲರ ಬೆರಳೂ ನನ್ನ ಕಡೆಗೇ ತಿರುಗಿತು.

ಬೈಕುಲ್ಲಾ ಸಾಮಾನ್ಯ ಊರಲ್ಲ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೋದ ದೇಶದ ಮೊದಲ ಪ್ರಯಾಣಿಕರ ರೈಲು ಸಾಗಿದ್ದು ಈ ದಾರಿಯಲ್ಲೇ. ಇಲ್ಲಿನ ಸ್ಟೇಷನ್ನಿನ ಹಳೆಯ ಚೆಲುವನ್ನು ಜತನದಿಂದ ರಿಪೇರಿ ಮಾಡಿದ್ದಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಯೂ ಬಂದಿದೆ. ದೊಡ್ಡಮ್ಮನ ಕಟ್ಟಡ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿದೆ. ಅದರ ಮೆಟ್ಟಿಲುಗಳನ್ನು ನೋಡಿದರೆ ವಯಸ್ಸಿನಲ್ಲಿ ಸ್ಟೇಷನ್ನಿಗೇ ಸವಾಲು ಹಾಕುವಂತಿದೆ. ರಿಪೇರಿಯ ವಿಷಯ ಮಾತ್ರ ಯುನೆಸ್ಕೋ ತನಕ ಹೋಗಿಲ್ಲ. ಸೊಸೈಟಿ ಮೀಟಿಂಗಿನಲ್ಲೇ ನಿಂತಿದೆ.

ಕ್ಯಾಮರಾದ ಮಾತೆಬ್ಬಿಸಿದ ಕಳ್ಳತನವೇನೂ ದೊಡ್ಡದಲ್ಲ. ಬೆಳಗಿನ ಜಾವ ಹಾಲಿನ ಭಯ್ಯಾ ಬಾಗಿಲ ಚಿಲಕದ ಚೀಲದಲ್ಲಿ ಹಾಕಿ ಹೋಗುವ ಎರಡು ಪ್ಯಾಕೆಟ್‌ಗಳಲ್ಲಿ ಒಂದು ಆಗಾಗ ಮಾಯವಾಗುತ್ತಿತ್ತು. ಆದರೆ ದೊಡ್ಡಮ್ಮನ ಅಹವಾಲು ಹಾಲಿಗಿಂತ ಗಟ್ಟಿಯಾದದ್ದು. ಅಣ್ಣ, ಅತ್ತಿಗೆ ಇಬ್ಬರೂ ಎಂಟರ ಲೋಕಲ್ ಹಿಡಿದ ಮೇಲೆ ಮನೆಯಲ್ಲಿ ಅವರೊಬ್ಬರೇ. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಬೆಲ್ಲು ಹೊಡೆದವನು ಕೊರಿಯರಿನವನೋ, ಗ್ಯಾಸಿನವನೋ, ‘ಆಂಟೀ, ಕೆವೈಸಿ’ ಎನ್ನುವವನೋ ಎಂದು ತಿಳಿಯಲು ಅಡಿಗೆಮನೆಯಿಂದ ಬಾಗಿಲ ತನಕ ಗೋಡೆ ಹಿಡಿದು ಬರಬೇಕು. ಬಂದು ನೋಡುವಷ್ಟರಲ್ಲಿ ಅವನು ಹೋಗಿರುತ್ತಾನೆ.

“ರಾಣಿಬಾಗಿನ ಆ ಹಕ್ಕಿಗೆ ಎಸಿ ರೂಮ್ ಇತ್ತ್. ನಂಗೊಂದ್ ಕ್ಯಾಮರಾ ಇಲ್ಯಾ?” ಎಂದರು ದೊಡ್ಡಮ್ಮ. ಐವತ್ತು ವರ್ಷ ಮುಂಬಯಿಯಲ್ಲಿದ್ದರೂ ಅವರ ಬಾಯಿಂದ ಕುಂದಾಪುರ ಹೋಗಿಲ್ಲ. 2016ರಲ್ಲಿ ಸಿಯೋಲ್‌ನಿಂದ ರಾಣಿಬಾಗ್ ಮೃಗಾಲಯಕ್ಕೆ ಬಂದ ಪೆಂಗ್ವಿನ್‌ಗಳ ಮೇಲೆ ಅವರಿಗೆ ಅಂದಿನಿಂದಲೂ ಒಂದು ಸಿಟ್ಟಿದೆ.

ಮನೆಯಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಹೋಟೆಲು ಮಾವನದು. ಗಲ್ಲಾದ ನೆತ್ತಿಯ ಮೇಲೆ ಕ್ಯಾಮರಾ ಇಟ್ಟು ವರ್ಷಗಟ್ಟಲೆ ವಹಿವಾಟು ಮಾಡಿದ ಅವರು ಈ ವಿಷಯದಲ್ಲಿ ಅನುಭವಸ್ಥರು. “ಎಂಟಾದರೂ ಬೇಕು” ಎಂದರು. ಎರಡು ಕೋಣೆ, ಒಂದು ಅಡಿಗೆಮನೆಯ ಮನೆಗೆ ಎಂಟು ಯಾಕೆ ಎಂದರೆ, “ಪೊಲೀಸರು ಈ ಶಹರಕ್ಕೆ ಎಷ್ಟು ಹಾಕಿದ್ದಾರೆ ಗೊತ್ತುಂಟಾ?” ಎಂದು ನನ್ನನ್ನೇ ಕೇಳಿದರು. 26/11ರ ದಾಳಿಯ ನಂತರ ರೂಪುಗೊಂಡ ಆ ಯೋಜನೆ 2016ರ ಅಕ್ಟೋಬರ್ 2ರಂದು ಪೂರ್ತಿ ಜಾರಿಗೆ ಬಂದಾಗ ಸುಮಾರು 4,700 ಕ್ಯಾಮರಾಗಳಿದ್ದವು. ಆ ಲೆಕ್ಕದಲ್ಲಿ ದೊಡ್ಡಮ್ಮನ ಅಡಿಗೆಮನೆಗೆ ಪಾಲು ಎಷ್ಟು ಬರುತ್ತದೆಂದು ಯಾರೂ ಭಾಗಿಸಿ ನೋಡಲಿಲ್ಲ.

ಅಷ್ಟರಲ್ಲಿ ದುಬೈಯಲ್ಲಿರುವ ಅಣ್ಣನ ಮಗ ವೈಫೈ ಕ್ಯಾಮರಾ ಒಂದನ್ನು ಆನ್‌ಲೈನಿನಲ್ಲಿ ತರಿಸಿ ಕಳುಹಿಸಿಬಿಟ್ಟ. ಅಂಗೈಯಗಲದ್ದು, ಮಹಾ ಜಾಣ. ಮನುಷ್ಯರನ್ನು ಗುರುತಿಸುತ್ತದೆ, ಕತ್ತು ತಿರುಗಿಸುತ್ತದೆ, ಮಾತಾಡುತ್ತದೆ, ಅನುಮಾನ ಬಂದರೆ ಫೋನಿಗೆ ಸಂದೇಶ ಕಳುಹಿಸುತ್ತದೆ. ಅದಕ್ಕೆ ಅನುಮಾನ ಬರುವುದು ಮಾತ್ರ ವಿಪರೀತ. ಆ ಕಟ್ಟಡದ ವರಾಂಡವೆಂದರೆ ಹದಿನಾರು ಮನೆಯವರ ರಾಜಬೀದಿ. ನೀರು ಬಿಡುವ ಹೊತ್ತಿಗೆ ಬಕೆಟ್ ಹಿಡಿದವರು, ಶಾಲೆಗೆ ಓಡುವ ಮಕ್ಕಳು, ಬೊಂಬಿಲ್ ಮೀನು ಮಾರುವವಳು, ಎಲ್ಲರೂ ಅದರ ಕಣ್ಣಿಗೆ ‘ಅಪರಿಚಿತ ವ್ಯಕ್ತಿ’. ಒಂದು ಲೋಕಲ್ ಹಾದುಹೋಗಿ ಎದುರುಮನೆಯ ನೈಟಿ ಹಗ್ಗದ ಮೇಲೆ ಹಾರಿದರೆ ಅದೂ ಅಪರಿಚಿತ ವ್ಯಕ್ತಿಯೇ. ಅತ್ತಿಗೆ ಆಫೀಸಿನ ಮೀಟಿಂಗಿನಲ್ಲಿ ಫೋನನ್ನು ಪರ್ಸಿನೊಳಗೆ, ಪರ್ಸನ್ನು ಡ್ರಾಯರಿನೊಳಗೆ ಇಟ್ಟು ಕೂರತೊಡಗಿದರು.

ಅದನ್ನಾದರೂ ಸಹಿಸಬಹುದಿತ್ತು. ಕ್ಯಾಮರಾದ ಖಾತೆ ಇದ್ದದ್ದು ಹುಡುಗನ ನಂಬರಿನಲ್ಲಿ. ಆ್ಯಪು ತನ್ನಿಷ್ಟ ಬಂದಾಗ ಎಲ್ಲರನ್ನೂ ಹೊರಗೆ ಹಾಕಿ ‘ನೀವು ಯಾರು?’ ಎಂದು ಕೇಳುತ್ತಿತ್ತು. ಆಗ ಓಟಿಪಿ ಹೋಗುವುದು ದುಬೈಗೆ. ಬಾಗಿಲ ಬೆಲ್ಲು ಹೊಡೆಯುತ್ತದೆ. ದೊಡ್ಡಮ್ಮ ಮೊಮ್ಮಗನಿಗೆ ಫೋನು ಮಾಡುತ್ತಾರೆ. ಅವನು ಅಲ್ಲಿ ಆಫೀಸಿನಿಂದ ಹೊರಗೆ ಬಂದು ಆರು ಅಂಕೆ ಓದುತ್ತಾನೆ. ಇವರು ಕನ್ನಡಕ ಹುಡುಕುತ್ತಾರೆ. ಓಟಿಪಿಯ ಆಯಸ್ಸು ಮುಗಿಯುತ್ತದೆ. ಕೊನೆಗೆ ಅವನೇ ತನ್ನ ಫೋನಿನಲ್ಲಿ ನೋಡಿ, “ಅಜ್ಜೀ, ಇಸ್ತ್ರಿಯವನು” ಎನ್ನುತ್ತಾನೆ. ಬೈಕುಲ್ಲಾದ ಇಸ್ತ್ರಿಯವನು ಬೈಕುಲ್ಲಾದ ಬಾಗಿಲಲ್ಲಿ ನಿಂತ ಸುದ್ದಿ ಅರಬ್ಬಿ ಸಮುದ್ರವನ್ನು ಎರಡು ಸಲ ದಾಟಿ ಅಡಿಗೆಮನೆಗೆ ತಲುಪುವ ಹೊತ್ತಿಗೆ ಅವನು ಬಟ್ಟೆಗಂಟನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿರುತ್ತಿದ್ದ.

“ಅದ್ಕೆ ಎಲ್ಲಾ ಗೊತ್ತಿತ್ತ್. ನಂಗ್ ಬಪ್ಪುದ್ ಯಾರ್ ಅಂದ್ಹೇಳಿ ಕಾಣ್ಕ್, ಅಷ್ಟೇ” ಎಂದರು ದೊಡ್ಡಮ್ಮ.

ನನಗೆ ಸಿಕ್ಕ ಅತ್ಯಂತ ಸ್ಪಷ್ಟವಾದ ತಾಂತ್ರಿಕ ಸಲಹೆ ಇದೇ. ಮನೆಗೆ ಕ್ಯಾಮರಾ ಎಂಬ ಕಲ್ಪನೆ ಹುಟ್ಟಿದ್ದೂ ಇಷ್ಟೇ ಸರಳವಾದ ಆಸೆಯಿಂದ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇದ್ದರು. ಹೊತ್ತಲ್ಲದ ಹೊತ್ತಿನ ಡ್ಯೂಟಿ, ಮನೆಯಲ್ಲಿ ಅನೇಕ ಸಲ ಒಬ್ಬರೇ, ಕರೆದರೆ ಬೇಗ ಬಾರದ ಪೊಲೀಸರು. ಎಲೆಕ್ಟ್ರಾನಿಕ್ಸ್ ಬಲ್ಲ ಗಂಡನ ಜೊತೆ ಸೇರಿ ಬಾಗಿಲಿಗೆ ನಾಲ್ಕು ಇಣುಕುಗಿಂಡಿ ಕೊರೆದು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮರಾ ಇಟ್ಟು, ಒಳಕೋಣೆಯ ಟಿವಿಯಲ್ಲಿ ಬಂದವರ ಮುಖ ಕಾಣುವಂತೆ ಮಾಡಿದರು. 1966ರಲ್ಲಿ ಅರ್ಜಿ ಹಾಕಿದ ಆ ಉಪಾಯಕ್ಕೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಎದ್ದು ಹೋಗದೆ ಬಾಗಿಲಲ್ಲಿ ಯಾರೆಂದು ನೋಡಬೇಕು: ಕ್ವೀನ್ಸ್‌ನ ನರ್ಸಿಗೂ ಬೈಕುಲ್ಲಾದ ದೊಡ್ಡಮ್ಮನಿಗೂ ಬೇಕಾದದ್ದು ಒಂದೇ. ನಡುವಿನ ಅರ್ಧ ಶತಮಾನದಲ್ಲಿ ಇದಕ್ಕೆ ಓಟಿಪಿ ಸೇರಿಕೊಂಡಿತು.

ಎಂಟು ಕ್ಯಾಮರಾ ಕೇಳುತ್ತಿದ್ದ ಹೋಟೆಲು ಮಾವನಿಗೆ ಇಂಥದ್ದೇ ಸರಳ ಆಸೆಯ ಇನ್ನೊಂದು ಕಥೆ ಹೇಳಿದೆ, ಕಾಫಿಯದ್ದು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿಗಳು ಒಂದು ಕ್ಯಾಮರಾವನ್ನು ತಮ್ಮ ಕಾಫಿ ಪಾತ್ರೆಯ ಕಡೆಗೆ ತಿರುಗಿಸಿಟ್ಟರು. ಮೆಟ್ಟಿಲು ಹತ್ತಿ ಬಂದು ಖಾಲಿ ಪಾತ್ರೆ ನೋಡುವ ದುಃಖ ತಪ್ಪಲಿ ಎಂದು. 1993ರಲ್ಲಿ ಅದು ಇಂಟರ್‌ನೆಟ್ಟಿಗೂ ಬಂದು, ಜಗತ್ತಿನ ಮೊದಲ ವೆಬ್‌ಕ್ಯಾಮ್ ಎನಿಸಿಕೊಂಡಿತು. 2001ರಲ್ಲಿ ಅದನ್ನು ನಿಲ್ಲಿಸಿದಾಗ ಆ ಹಳೆಯ ಪಾತ್ರೆ 3,350 ಪೌಂಡಿಗೆ ಹರಾಜಾಯಿತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹೋಟೆಲಿನ ಹಳೇ ಫಿಲ್ಟರು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆನಲ್ಲ ಮಾರಾಯ” ಎಂದರು. ಎಂಟು ಕ್ಯಾಮರಾದ ಬೇಡಿಕೆ ಆ ದುಃಖದಲ್ಲಿ ಕೊಚ್ಚಿಹೋಯಿತು.

ಇಂಥ ಸಾಮಾನಿಗೆ ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡಿಗೇ ಹೋಗಬೇಕು. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂದಿದ್ದರೂ ಟ್ಯಾಕ್ಸಿಯವನಿಗೆ ಹಾಗೆ ಹೇಳಿದರೆ ಮುಖ ನೋಡುತ್ತಾನೆ. ಅಂಗಡಿಯ ಹುಡುಗ ಒಂದೇ ಉಸಿರಿನಲ್ಲಿ ಡೋಮ್, ಬುಲೆಟ್, ಎರಡು ಮೆಗಾಪಿಕ್ಸೆಲ್, ಐದು ಮೆಗಾಪಿಕ್ಸೆಲ್, ಡಿವಿಆರ್, ಎನ್‌ವಿಆರ್, ಕ್ಲೌಡ್ ಎಂದು ಮಂತ್ರಪುಷ್ಪ ಮುಗಿಸಿ, “ಯಾವುದು ಕೊಡಲಿ ಸಾಬ್?” ಎಂದ.

“ಎಲ್ಲಕ್ಕಿಂತ ಪೆದ್ದು ಯಾವುದಿದೆ?” ಎಂದೆ.

ಅವನ ಸರ್ವೀಸಿನಲ್ಲಿ ಆ ಪ್ರಶ್ನೆ ಕೇಳಿದ ಗಿರಾಕಿ ಇರಲಿಲ್ಲವೆಂದು ಕಾಣುತ್ತದೆ. ಒಳಗಿನಿಂದ ಶೇಟರನ್ನೇ ಕರೆದ. ನನ್ನ ಷರತ್ತುಗಳನ್ನು ಶೇಟರಿಗೆ ಒಪ್ಪಿಸಿದೆ. ತಂತಿಯ ಕ್ಯಾಮರಾ ಇರಲಿ. ತಂತಿ ಪಾಸ್‌ವರ್ಡ್ ಕೇಳುವುದಿಲ್ಲ, ರೌಟರ್ ಬದಲಾದರೆ ಮುನಿಸಿಕೊಳ್ಳುವುದಿಲ್ಲ. ಎರಡೇ ಸಾಕು, ವರಾಂಡಕ್ಕೊಂದು, ಹಿಂದಿನ ಬಾಲ್ಕನಿಗೊಂದು. ಬಂದವನ ಮುಖ ಗುರುತಿಸಲು ಎರಡು ಮೆಗಾಪಿಕ್ಸೆಲ್ ಧಾರಾಳ. ಇಸ್ತ್ರಿಯವನ ಮೂಗಿನ ಮಚ್ಚೆ ನಮಗೆ ಬೇಕಿಲ್ಲ. ಚಿತ್ರ ಉಳಿಸಲು ಒಂದು ಡಿವಿಆರ್, ಅದರೊಳಗೆ ಒಂದು ಟೆರಾಬೈಟಿನ ಡಿಸ್ಕು, ಕರೆಂಟು ಹೋದರೆ ಒಂದಿಷ್ಟು ಹೊತ್ತು ತಡೆಯಲು ಸಣ್ಣ ಯುಪಿಎಸ್. ಇಂಟರ್‌ನೆಟ್ಟಿನ ಸಂಬಂಧವೇ ಬೇಡ.

“ಆನ್‌ಲೈನ್ ಇಲ್ಲದಿದ್ದರೆ ಸೇಫ್ಟಿ ಏನು?” ಎಂದರು ಶೇಟರು. ನನಗೆ ಬೇಕಾದ ಸೇಫ್ಟಿಯೇ ಅದು. 2016ರಲ್ಲಿ ಮಿರಾಯ್ ಎಂಬ ಕಿಡಿಗೇಡಿ ಪ್ರೋಗ್ರಾಮು, ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಲಕ್ಷಾಂತರ ಕ್ಯಾಮರಾ, ಡಿವಿಆರ್, ರೌಟರ್‌ಗಳೊಳಗೆ ಹೊಕ್ಕಿತು. ಆ ಅಕ್ಟೋಬರ್ 21ರಂದು ಅವುಗಳ ಸೈನ್ಯ ಕಟ್ಟಿಕೊಂಡು ನುಗ್ಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ತತ್ತರಿಸಿದವು. ಮನೆ ಕಾಯಲು ಇಟ್ಟವರು ರಾತ್ರಿಯೆಲ್ಲ ಊರಮೇಲೆ ದಂಡೆತ್ತಿ ಹೋಗಿದ್ದರು, ಮನೆಯವರಿಗೆ ಸುಳಿವೂ ಇಲ್ಲ. 2025ರ ಏಪ್ರಿಲಿನಿಂದ ನಮ್ಮ ಸರ್ಕಾರವೂ ಸುರಕ್ಷತೆಯ ಪರೀಕ್ಷೆ ಪಾಸಾದ ಸಿಸಿಟಿವಿ ಕ್ಯಾಮರಾಗಳೇ ಮಾರುಕಟ್ಟೆಗೆ ಬರಬೇಕೆಂದು ನಿಯಮ ಮಾಡಿದೆ. ಒಳ್ಳೆಯದೇ. ಆದರೂ ದೊಡ್ಡಮ್ಮನ ಕ್ಯಾಮರಾ ಮನೆ ಬಿಟ್ಟು ಎಲ್ಲಿಗೂ ಹೋಗದಿರುವುದು ಇನ್ನೂ ಒಳ್ಳೆಯದು.

ಪಾಸ್‌ವರ್ಡನ್ನಂತೂ ಇಡಲೇಬೇಕಾಯಿತು. ದೊಡ್ಡಮ್ಮ ಮನೆದೇವರ ಹೆಸರು ಹೇಳಿದರು. ಅದು ಇಡೀ ತಾಲೂಕಿಗೆ ಗೊತ್ತು ಎಂದೆ. ಕೊನೆಗೆ ಅತ್ತಿಗೆ ಯಾರೂ ಊಹಿಸಲಾಗದ್ದನ್ನು ಕಟ್ಟಿ, ಯಾರೂ ಮರೆಯದಂತೆ ಕಾಲನಿರ್ಣಯ ಕ್ಯಾಲೆಂಡರಿನ ಹಿಂದೆ ದಪ್ಪಕ್ಷರದಲ್ಲಿ ಬರೆದರು. ದುಬೈಯಿಂದ ನುಗ್ಗುವ ಕಳ್ಳನಿಗೆ ಆ ಕ್ಯಾಲೆಂಡರ್ ಎಟುಕುವುದಿಲ್ಲ. ಎಟುಕುವಷ್ಟು ಹತ್ತಿರ ಬಂದವನಿಗೆ ಪಾಸ್‌ವರ್ಡಿನ ಅಗತ್ಯವಿಲ್ಲ.

ಚಿತ್ರ ಎಲ್ಲಿ ಕಾಣಬೇಕು ಎಂಬುದು ಮುಂದಿನ ಸಮಸ್ಯೆ. ಹಾಲಿನ ಟಿವಿಗೇ ಜೋಡಿಸಬಹುದು. ಆದರೆ ಧಾರಾವಾಹಿಯಿಂದ ಬಾಗಿಲಿಗೆ, ಬಾಗಿಲಿನಿಂದ ಧಾರಾವಾಹಿಗೆ ಹೋಗಿ ಬರಲು ರಿಮೋಟಿನಲ್ಲಿ ಮೂರು ಗುಂಡಿ ಒತ್ತಬೇಕು. ತಪ್ಪಿ ಒತ್ತಿದರೆ ಎರಡೂ ಹೋಗಿ ನೀಲಿ ಪರದೆ ಬರುತ್ತದೆ, ಪುರೋಹಿತನಿಗೆ ಕರೆ ಬರುತ್ತದೆ. ಅಟ್ಟದಲ್ಲಿ ಮೊಮ್ಮಗನ ಕಾಲೇಜು ದಿನಗಳ ಹಳೆಯ ಮಾನಿಟರ್ ಇತ್ತು. ಅದನ್ನಿಳಿಸಿ ಅಡಿಗೆಮನೆಯ ಫ್ರಿಜ್ಜಿನ ಮೇಲೆ ಕೂರಿಸಿದೆವು. ಸದಾ ಉರಿಯುತ್ತದೆ, ಒತ್ತಲು ಗುಂಡಿಯೇ ಇಲ್ಲ. ದೊಡ್ಡಮ್ಮ ತೆಂಗಿನಕಾಯಿ ತುರಿಯುತ್ತಲೇ ತಲೆಯೆತ್ತಿ ನೋಡಬಹುದು.

ಕ್ಯಾಮರಾ ಕೂರಿಸುವವನು ಬಂದ ದಿನ ವರಾಂಡದಲ್ಲಿ ಜಾತ್ರೆ. ಎದುರುಮನೆಯ ಬಾಗಿಲು ಚಿತ್ರದಲ್ಲಿ ಬಾರದಂತೆ ಕ್ಯಾಮರಾವನ್ನು ತಿರುಗಿಸಲು ಹೇಳಿದ್ದೆ. ಅವರ ಮನೆಗೆ ಯಾರು ಬಂದರೆ ನಮಗೇನು? ಅದು ಎದುರುಮನೆಯ ಮರಾಠಿ ಕಾಕೂವಿಗೆ ಗೊತ್ತಾಗಿ ದೊಡ್ಡ ಬೇಸರವಾಯಿತು. “ಆಮ್‌ಚಾ ದರ್ವಾಜಾ ಪಣ್ ದಿಸೂ ದ್ಯಾ!” ಎಂದು ಪಟ್ಟು ಹಿಡಿದರು. ನಮ್ಮ ಬಾಗಿಲೂ ಕಾಣಲಿ, ನಾವೇನು ಪಾಪ ಮಾಡಿದ್ದೇವೆ? ಖರ್ಚಿಲ್ಲದ ಕಾವಲು ಯಾರಿಗೆ ಬೇಡ? ಕ್ಯಾಮರಾ ಎರಡಿಂಚು ಎಡಕ್ಕೆ ತಿರುಗಿತು. ಅಂದಿನಿಂದ ಕಾಕೂ ಬೆಳಿಗ್ಗೆ ರಂಗೋಲಿ ಹಾಕಲು ಬರುವಾಗಲೂ ತಲೆ ಬಾಚಿಕೊಂಡೇ ಬರುತ್ತಾರೆ.

ಮೊದಲ ಮಳೆಗಾಲದಲ್ಲಿ ಒಂದು ರಾತ್ರಿ ನೀರು ಕುಡಿಯಲೆದ್ದ ದೊಡ್ಡಮ್ಮ ಚೀರಿದರು. ಫ್ರಿಜ್ಜಿನ ಮೇಲಿನ ಪರದೆಯಲ್ಲಿ ಬಿಳಿಯ ಕೈಗಳು ವರಾಂಡದಲ್ಲಿ ತಡಕಾಡುತ್ತಿದ್ದವು. ಕತ್ತಲಲ್ಲಿ ಕ್ಯಾಮರಾ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಚೆಲ್ಲಿ ಕಪ್ಪು-ಬಿಳುಪಿನಲ್ಲಿ ನೋಡುತ್ತದೆ. ಅದರ ಮುಂದೆಯೇ ಒಂದು ಜೇಡ ಬಲೆ ನೇಯ್ದಿತ್ತು. ಮೂಗಿನ ತುದಿಯಲ್ಲಿರುವ ಆ ಎಳೆಗಳ ಮೇಲೆ ಬೆಳಕು ಬಿದ್ದು ಕೈಕಾಲು ಮೂಡಿದ್ದವು. ಪೊರಕೆಗೆ ಕೋಲು ಕಟ್ಟಿ ಭೂತೋಚ್ಚಾಟನೆ ಮಾಡಿದ್ದಾಯಿತು. ಇದೇ ಕ್ಯಾಮರಾದ ವಾರ್ಷಿಕ ನಿರ್ವಹಣೆ. ಇದಕ್ಕೆ ನನ್ನನ್ನು ಕರೆಯಬೇಕಾಗಿಲ್ಲ.

ಹಾಲಿನ ಕಳ್ಳ ಸಿಕ್ಕನೋ? ಬಾಗಿಲ ಮೇಲೆ ಕೂತ ಕ್ಯಾಮರಾಕ್ಕೆ ಇಡೀ ವರಾಂಡ ಕಾಣುತ್ತದೆ, ತನ್ನ ಕಾಲಬುಡದ ಚಿಲಕ ಮಾತ್ರ ಕಾಣುವುದಿಲ್ಲ. ಆದರೂ ಅದು ಕೂತ ದಿನದಿಂದ ಹಾಲು ಹೋಗಿಲ್ಲ. ಮಾವನಿಗೆ ಇದರಲ್ಲಿ ಆಶ್ಚರ್ಯವೇ ಇಲ್ಲ. ಅವರ ಗಲ್ಲಾದ ಕ್ಯಾಮರಾ ಕೆಟ್ಟು ಎಷ್ಟೋ ಕಾಲವಾಗಿದೆಯಂತೆ. “ಕೆಂಪು ಲೈಟು ಉರಿಯುತ್ತದಲ್ಲ, ಸಾಕು” ಎನ್ನುತ್ತಾರೆ.

ಈಗ ಕಟ್ಟಡದ ಸಕಲ ವ್ಯಾಜ್ಯಗಳೂ ದೊಡ್ಡಮ್ಮನ ಅಡಿಗೆಮನೆಗೆ ಬರುತ್ತವೆ. ಕಸದ ಚೀಲ ಮೆಟ್ಟಿಲ ಮೇಲಿಟ್ಟವರು ಯಾರು, ಮೂರನೆಯ ನಂಬರಿನ ಕೊಡೆ ಯಾರ ಕೈಯಲ್ಲಿ ಹೋಯಿತು, ಮೇಲಿನ ಮನೆಯ ಹುಡುಗ ರಾತ್ರಿ ಎಷ್ಟಕ್ಕೆ ಬಂದ. ಕೊನೆಯ ಪ್ರಶ್ನೆಗೆ ದೊಡ್ಡಮ್ಮ ಉತ್ತರಿಸುವುದಿಲ್ಲ. ಹುಡುಗ ಬರುವಾಗ ಅವರ ಮಾತ್ರೆ ತಂದುಕೊಡುತ್ತಾನೆ. ಉಳಿದ ದೂರುಗಳಿಗೆ ವಾಯಿದೆ ಉಂಟು. ಎರಡು ಕ್ಯಾಮರಾಗಳು ಹಗಲಿರುಳು ತುಂಬಿದರೆ ದಿನಕ್ಕೆ ಹೆಚ್ಚುಕಡಿಮೆ 43 ಜಿಬಿ. ಒಂದು ಟೆರಾಬೈಟು ಮೂರು ವಾರಕ್ಕೆ ಭರ್ತಿ. ಆಮೇಲೆ ಡಿವಿಆರ್ ಯಾರನ್ನೂ ಕೇಳದೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ತಿಂಗಳ ಹಿಂದಿನ ಕೊಡೆಯ ತಕರಾರು ತಂದವರಿಗೆ ಚಹಾ ಸಿಗುತ್ತದೆ, ಸಾಕ್ಷಿ ಸಿಗುವುದಿಲ್ಲ.

ಮೊನ್ನೆ ಶೇಟರ ಅಂಗಡಿಯ ಹುಡುಗ ಫೋನು ಮಾಡಿದ್ದ. ನಾಲ್ಕು ಟೆರಾಬೈಟಿನ ಡಿಸ್ಕು ರಿಯಾಯತಿಯಲ್ಲಿದೆಯಂತೆ, ಹಾಕಿಸಿದರೆ ಮೂರು ತಿಂಗಳಿನದ್ದೆಲ್ಲ ನೆನಪಿರುತ್ತದಂತೆ. ಬೇಡ ಎಂದೆ. 1994ರ ಮದುವೆಯಲ್ಲಿ ತನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದ್ದನ್ನು ದೊಡ್ಡಮ್ಮ ಇವತ್ತಿಗೂ ದಿನಾಂಕ, ಪಾಯಸದ ಹೆಸರು ಸಮೇತ ಹೇಳುತ್ತಾರೆ. ಅದನ್ನು ಅಲ್ಲಗಳೆಯಲು ಅತ್ತಿಗೆಯ ತವರಿನವರ ಬಳಿ ಅಷ್ಟೇ ಸ್ಪಷ್ಟವಾದ ಬೇರೆ ಪಾಯಸವಿದೆ. ಇಂಥ ಮನೆಯಲ್ಲಿ ಮೂರು ವಾರಕ್ಕೊಮ್ಮೆ ಎಲ್ಲವನ್ನೂ ಮರೆತುಬಿಡುವವನು ಒಬ್ಬನಾದರೂ ಇರಬೇಕು.