ಫುಯುಕಿಯ ಭಾಷ್ಯಕಾರ

ಆಟವೊಂದನ್ನು ಆಧರಿಸಿದ ಅನಿಮೆ, ಎಂದರೆ ಜಪಾನಿನಲ್ಲಿ ತಯಾರಾಗುವ ಆನಿಮೇಷನ್ ಧಾರಾವಾಹಿ, ಹೊರಬಂದಾಗಲೆಲ್ಲ ಅದರ ಮುಂದೆ ಎರಡು ವರ್ಗದ ಜನ ಸೇರುತ್ತಾರೆ: ಆಟವನ್ನು ಕೊನೆಮುಟ್ಟ ಆಡಿ ಅದರ ಲೋಕದ ಕಟ್ಟಳೆಗಳನ್ನೆಲ್ಲ ಅರೆದು ಕುಡಿದವರು ಒಂದು ಕಡೆ, ಚೆನ್ನಾಗಿದೆಯೆಂದು ಯಾರೋ ಹೇಳಿದ್ದನ್ನು ನಂಬಿ ಬಂದ ಮುಗ್ಧರು ಇನ್ನೊಂದು ಕಡೆ. ಈ ಎರಡು ವರ್ಗಗಳು ಒಂದೇ ಸೋಫಾದ ಮೇಲೆ ಕುಳಿತ ಗಳಿಗೆಯಲ್ಲಿ ಮೊದಲ ವರ್ಗದವನು ಭಾಷ್ಯಕಾರನಾಗಿ ಮಾರ್ಪಡುತ್ತಾನೆ. ಸೂತ್ರವನ್ನು ಬಿಡಿಸಿ ಹೇಳುವವನು ಎಂಬ ಹಳೆಯ ಅರ್ಥವೇ ಇವನಿಗೂ ಸಲ್ಲುತ್ತದೆ. ವ್ಯತ್ಯಾಸವಿಷ್ಟೆ, ಹಿಂದಿನವರು ಶಿಷ್ಯನು ಸಂಶಯ ತೋಡಿಕೊಂಡ ಮೇಲೆ ಬಾಯಿ ತೆರೆಯುತ್ತಿದ್ದರು, ಇವನು ಶೀರ್ಷಿಕೆ ಗೀತೆ ಮುಗಿಯುವುದರೊಳಗೆ ಮೂರು ಸಲ ತೆರೆದು ಮುಚ್ಚಿರುತ್ತಾನೆ. ಇವನ ಕೃಪೆಯಿಂದ ಇಪ್ಪತ್ತನಾಲ್ಕು ನಿಮಿಷದ ಕಂತು ಒಂದೂವರೆ ಗಂಟೆಗೆ ಬೆಳೆಯುತ್ತದೆ, ಮತ್ತು ಅಷ್ಟರಲ್ಲಿ ಪರದೆಯ ಮೇಲೆ ಕತ್ತಿಯೆತ್ತಿದವಳು ಎತ್ತಿದ ಕತ್ತಿಯನ್ನು ಇಳಿಸಲಾಗದೆ ಹಾಗೆಯೇ ನಿಂತಿರುತ್ತಾಳೆ.

ಈ ಜೀವಿಯ ತಳಿಗಳು ಹಲವಿದ್ದರೂ ಅತ್ಯಂತ ಪುಷ್ಟವಾಗಿ ಬೆಳೆದದ್ದು ‘ಫೇಟ್/ಸ್ಟೇ ನೈಟ್’ ಎಂಬ ಕೃತಿಯ ಆಶ್ರಯದಲ್ಲಿ. ಟೈಪ್-ಮೂನ್ ಸಂಸ್ಥೆ 2004ರ ಜನವರಿಯಲ್ಲಿ ಹೊರತಂದ, ಕಿನೊಕೊ ನಾಸು ಬರೆದು ತಕಾಶಿ ತಾಕೆಉಚಿ ಚಿತ್ರಿಸಿದ ಈ ಆಟವು ‘ವಿಶುವಲ್ ನಾವೆಲ್’ ಎಂಬ ಪ್ರಕಾರಕ್ಕೆ ಸೇರಿದ್ದು. ಹಾಗೆಂದರೆ ಪರದೆಯ ಮೇಲೆ ನಿಂತ ಚಿತ್ರವಿರುತ್ತದೆ, ಅದರ ಮೇಲೆ ಸಾಲುಸಾಲಾಗಿ ಗದ್ಯ ಮೂಡುತ್ತದೆ, ಆಡುವವನು ಓದುತ್ತಾ ಓದುತ್ತಾ ಗುಂಡಿ ಒತ್ತುತ್ತಾನೆ ಮತ್ತು ಆಗಾಗ ಕಥೆ ಕವಲೊಡೆದಲ್ಲಿ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುತ್ತಾನೆ. ಇದನ್ನು ಆಟವೆನ್ನಬೇಕೋ ಬೃಹತ್ ಕಾದಂಬರಿಯೆನ್ನಬೇಕೋ ಎಂಬ ಚರ್ಚೆಯನ್ನು ಬದಿಗಿಟ್ಟರೂ, ಪೂರ್ತಿ ಓದಲು ಐವತ್ತು ಗಂಟೆಗೂ ಮಿಕ್ಕಿ ಬೇಕೆಂಬುದರಲ್ಲಿ ವಿವಾದವಿಲ್ಲ. ಅಷ್ಟು ಗಂಟೆ ಸುರಿದವನು ಸುಮ್ಮನೆ ಕೂರಬೇಕೆಂದು ನಿರೀಕ್ಷಿಸುವುದು ಮನುಷ್ಯ ಸ್ವಭಾವಕ್ಕೆ ವಿರುದ್ಧ.

ಕಥೆಯ ಹಂದರ ಕೇಳಲು ಸರಳವಾಗಿಯೇ ಇದೆ. ಫುಯುಕಿ ಎಂಬ ಕಲ್ಪಿತ ಜಪಾನೀ ಪಟ್ಟಣದಲ್ಲಿ, ಬೇಡಿದ್ದನ್ನು ಕೊಡುವುದೆಂದು ಹೇಳಲಾದ ಹೋಲಿ ಗ್ರೇಲ್ ಎಂಬ ಪವಿತ್ರ ಪಾತ್ರೆಗಾಗಿ ಏಳು ಮಂದಿ ಮಾಂತ್ರಿಕರು ಗುಟ್ಟಾಗಿ ಹೋರಾಡುತ್ತಾರೆ. ಇವರು ‘ಮಾಸ್ಟರ್’ಗಳು. ತಾವೇ ಹೊಡೆದಾಡುವ ಬದಲು ಪ್ರತಿಯೊಬ್ಬನೂ ಪುರಾಣದಿಂದಲೋ ಚರಿತ್ರೆಯಿಂದಲೋ ಒಬ್ಬ ವೀರನ ಆತ್ಮವನ್ನು ಆವಾಹನೆ ಮಾಡಿ ‘ಸರ್ವೆಂಟ್’ ಆಗಿ ಇಟ್ಟುಕೊಳ್ಳುತ್ತಾನೆ, ಮತ್ತು ಆ ವೀರರಿಗೆ ಸೇಬರ್, ಆರ್ಚರ್, ಲ್ಯಾನ್ಸರ್, ರೈಡರ್, ಕ್ಯಾಸ್ಟರ್, ಅಸ್ಯಾಸಿನ್, ಬರ್ಸರ್ಕರ್ ಎಂಬ ಏಳು ವರ್ಗನಾಮಗಳಿರುತ್ತವೆ. ನಿಜನಾಮವನ್ನು ಮುಚ್ಚಿಡಲಾಗುತ್ತದೆ, ಏಕೆಂದರೆ ಹೆಸರು ತಿಳಿದರೆ ಕಥೆ ತಿಳಿಯುತ್ತದೆ, ಕಥೆ ತಿಳಿದರೆ ಎಲ್ಲಿ ಹೊಡೆದರೆ ಸಾಯುತ್ತಾನೆಂಬುದೂ ತಿಳಿಯುತ್ತದೆ. ಮಾಸ್ಟರನ ಮೈಮೇಲೆ, ಸಾಮಾನ್ಯವಾಗಿ ಕೈಯ ಮೇಲೆ, ‘ಕಮಾಂಡ್ ಸ್ಪೆಲ್’ ಎಂಬ ಮೂರು ಮುದ್ರೆಗಳು ಮೂಡುತ್ತವೆ. ಒಂದೊಂದನ್ನು ಖರ್ಚು ಮಾಡಿ ಒಂದೊಂದು ಸಲ ಸರ್ವೆಂಟನಿಗೆ ಮೀರಲಾಗದ ಆಜ್ಞೆ ಕೊಡಬಹುದು. ಇಷ್ಟನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾಗಿದ್ದರೂ, ಐದು ನಿಮಿಷದಲ್ಲಿ ಹೇಳಿ ಮುಗಿಸಿದ ಭಾಷ್ಯಕಾರನು ಇದುವರೆಗೆ ಹುಟ್ಟಿಲ್ಲ.

ತೊಡಕು ಶುರುವಾಗುವುದು ಮೂಲಕೃತಿ ಗದ್ಯವಾಗಿದ್ದ ಕಾರಣದಿಂದ. ಆಟದಲ್ಲಿ ನಾಯಕ ಶಿರೋ ಎಮಿಯಾ ಪ್ರತಿಯೊಂದು ಹೆಜ್ಜೆಗೂ ಮುನ್ನ ಪುಟಗಟ್ಟಲೆ ಯೋಚಿಸುತ್ತಾನೆ. ಮಾಯಾಶಕ್ತಿ ಮೈಯಲ್ಲಿ ಹೇಗೆ ಹರಿಯುತ್ತದೆ, ಮನಸ್ಸಿನಲ್ಲಿ ಕಂಡ ಕತ್ತಿಯನ್ನು ಕೈಯಲ್ಲಿ ಮೂಡಿಸಲು ಅದರ ಹುಟ್ಟು, ಲೋಹ, ಬಳಸಿದವನ ಕೌಶಲ ಇವೆಲ್ಲವನ್ನು ಹೇಗೆ ಅನುಕರಿಸಬೇಕು ಎಂಬುದನ್ನೆಲ್ಲ ಓದುಗನು ಅವನ ತಲೆಯೊಳಗೆ ಕುಳಿತೇ ಕಲಿಯುತ್ತಾನೆ. ಅದೇ ಪುಟಗಳು ಅನಿಮೆಗೆ ಬಂದಾಗ ಶಿರೋ ಹುಬ್ಬು ಗಂಟಿಕ್ಕುತ್ತಾನೆ, ಹಲ್ಲು ಕಚ್ಚುತ್ತಾನೆ, ಒಂದು ನೀಲಿ ಬೆಳಕು ಮಿಂಚಿ ಕೈಯಲ್ಲಿ ಕತ್ತಿ ಬಂದಿರುತ್ತದೆ. ಹೊಸ ಪ್ರೇಕ್ಷಕನಿಗೆ ಹುಡುಗನಿಗೆ ಹೊಟ್ಟೆನೋವೋ ಏನೋ ಎನ್ನಿಸುತ್ತದೆ. ಭಾಷ್ಯಕಾರನಿಗೆ ಮಾತ್ರ ಆ ಗಂಟಿಕ್ಕಿದ ಹುಬ್ಬಿನಲ್ಲಿ ಒಂದು ಅಧ್ಯಾಯವೇ ಕಾಣುತ್ತದೆ, ಮತ್ತು ಕಂಡದ್ದನ್ನು ಒಪ್ಪಿಸದಿದ್ದರೆ ಅವನಿಗೆ ನಿದ್ದೆ ಹತ್ತುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆಟದಲ್ಲಿ ಆಡುವವನು ತಪ್ಪು ಕವಲು ಹಿಡಿದರೆ ನಾಯಕ ಸಾಯುತ್ತಾನೆ, ಮತ್ತು ಹಾಗೆ ಸಾಯಲು ನಲವತ್ತರಷ್ಟು ಬೇರೆ ಬೇರೆ ವಿಧಾನಗಳನ್ನು ಕರ್ತೃಗಳು ಔದಾರ್ಯದಿಂದ ಒದಗಿಸಿದ್ದಾರೆ. ಸತ್ತ ಕೂಡಲೇ ‘ಟೈಗರ್ ಡೋಜೋ’ ಎಂಬ ಹಾಸ್ಯದ ಅಂಕಣ ತೆರೆದುಕೊಳ್ಳುತ್ತದೆ. ಅಲ್ಲಿ ಶಿರೋವಿನ ಶಾಲೆಯ ಶಿಕ್ಷಕಿ ತೈಗಾ ಬಿದಿರಿನ ಕತ್ತಿ ಹಿಡಿದು, ಕಥೆಯೊಳಗೆ ಶತ್ರುವಾಗಿರುವ ಪುಟ್ಟ ಹುಡುಗಿ ಇಲ್ಯಾಳನ್ನು ವ್ಯಾಯಾಮದ ಉಡುಪಿನಲ್ಲಿ ಶಿಷ್ಯೆಯಾಗಿ ಪಕ್ಕದಲ್ಲಿ ನಿಲ್ಲಿಸಿಕೊಂಡು, ಸತ್ತದ್ದೇಕೆ, ಮುಂದಿನ ಸಲ ಬದುಕುವುದು ಹೇಗೆ ಎಂಬ ಪಾಠ ಹೇಳುತ್ತಾಳೆ. ಶಿರೋವಿನ ಸರ್ವೆಂಟ್ ಆದ ಸೇಬರಳನ್ನು ನಂಬದೆ ಒಬ್ಬನೇ ರಾತ್ರಿ ಹೊರಟರೆ ಏನಾಗುತ್ತದೆಂಬ ನಿಯಮವನ್ನು ಆಟಗಾರನು ಹೀಗೆ ತನ್ನ ಪ್ರಾಣದ ಬೆಲೆ ತೆತ್ತು ಕಲಿತಿರುತ್ತಾನೆ. ಅನಿಮೆಯ ನಾಯಕನಿಗಾದರೋ ಆ ಸೌಲಭ್ಯವಿಲ್ಲ. ಅವನು ಒಂದು ಸಲವೂ ಸಾಯದೆ ಕೊನೆಯ ಕಂತು ಮುಟ್ಟಬೇಕು, ಆದುದರಿಂದ ಪ್ರೇಕ್ಷಕನೂ ಏನೊಂದೂ ಕಲಿಯದೆ ಅಲ್ಲಿಗೆ ತಲುಪುತ್ತಾನೆ. ತೈಗಾಳ ಖಾಲಿ ಬಿದ್ದ ಆ ಕುರ್ಚಿಯ ಮೇಲೆ ಭಾಷ್ಯಕಾರನು ಬಂದು ಕೂರುತ್ತಾನೆಯೇ ಹೊರತು ಅವನಿಗೆ ಬೇರೆ ನೇಮಕಾತಿ ಪತ್ರವಿಲ್ಲ.

ಪ್ರೇಕ್ಷಕರು ಕೇಳುವ ಪ್ರಶ್ನೆಗಳು ಲೋಕದಲ್ಲೆಲ್ಲ ಒಂದೇ. ಸೇಬರ್ ಎಂಬ ವರ್ಗನಾಮದ ಹಿಂದಿರುವ ಬ್ರಿಟನ್ನಿನ ಆರ್ಥರ್ ಮಹಾರಾಜನು ಇಲ್ಲಿ ಹೆಣ್ಣಾಗಿರುವುದೇಕೆ ಎಂಬುದು ಮೊದಲನೆಯದು. ಅವಳು ಗಂಡಿನ ವೇಷದಲ್ಲಿ ರಾಜ್ಯವಾಳಿದಳೆಂದು ಕೃತಿಯೇ ಹೇಳುವುದರಿಂದ ಇದು ಸುಲಭದ ಪ್ರಶ್ನೆ. ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಳಗೆ ಸೇರಿಸಿ, ದ್ರೌಪದಿಯ ಐವರು ಗಂಡಂದಿರನ್ನು ಒಬ್ಬನಿಗೆ ಇಳಿಸಿದ ಪಂಪನನ್ನು ಆದಿಕವಿಯೆಂದು ಗೌರವಿಸುವ ಕನ್ನಡಿಗರಿಗಂತೂ ಈ ವಿಷಯದಲ್ಲಿ ಹುಬ್ಬೇರಿಸುವ ಹಕ್ಕಿಲ್ಲ. ಅದೇ ಮಹಾರಾಣಿ ಊಟದ ವೇಳೆಗೆ ಅಷ್ಟು ಶ್ರದ್ಧೆಯಿಂದ ಅನ್ನದ ಬಟ್ಟಲನ್ನು ಮತ್ತೆ ಮತ್ತೆ ಮುಂದೆ ಚಾಚುವುದೇಕೆ ಎಂಬುದು ಎರಡನೆಯ ಪ್ರಶ್ನೆ, ಮತ್ತು ಇಲ್ಲಿ ಭಾಷ್ಯಕಾರನ ಕಣ್ಣು ಮಿನುಗುತ್ತದೆ. ಸರ್ವೆಂಟ್‌ಗಳಿಗೆ ಅನ್ನ ನೀರು ಬೇಕಿಲ್ಲ, ಮಾಸ್ಟರನಿಂದ ಹರಿದುಬರುವ ಮಾಯಾಶಕ್ತಿಯೇ ಅವರ ಆಹಾರ. ಆದರೆ ಶಿರೋ ಅರೆಬರೆ ಮಾಂತ್ರಿಕನಾದ್ದರಿಂದ ಅವನಿಂದ ಅವಳಿಗೆ ಆ ಹರಿವು ಬರುವುದಿಲ್ಲ, ಹೀಗಾಗಿ ಅವಳು ಊಟದಿಂದಲೂ ನಿದ್ದೆಯಿಂದಲೂ ಶಕ್ತಿಯನ್ನು ಉಳಿಸಿಕೊಳ್ಳಬೇಕಾಗುತ್ತದೆ. ಬೇರೆ ಸರ್ವೆಂಟ್‌ಗಳ ಹಾಗೆ ಆಕಾರ ಕರಗಿಸಿ ಅದೃಶ್ಯಳಾಗಲು ಅವಳಿಗೆ ಆಗದಿರುವುದಕ್ಕೂ ಕಾರಣವಿದೆ, ಅವಳು ಇನ್ನೂ ಪೂರ್ತಿ ಸತ್ತಿಲ್ಲ. ಇಷ್ಟು ಕೇಳಿದ ಪ್ರೇಕ್ಷಕನಿಗೆ ಸಮಾಧಾನವಾಗಿರುತ್ತದೆ, ಆದರೆ ಭೋಜನದ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳಸಂದಿಯಿಂದಲೇ ಸಾರು ಸುರಿದು ಮುಂದೆ ಹೋಗುವ ಬಡಿಸುವವನಂತೆ, ಪೂರ್ತಿ ಸಾಯದಿರುವುದೆಂದರೇನು ಎಂಬುದನ್ನೂ ಭಾಷ್ಯಕಾರನು ಬಡಿಸಿಯೇ ಹೋಗುತ್ತಾನೆ.

ಎಲ್ಲಕ್ಕಿಂತ ಕಠಿಣವಾದದ್ದು ಲ್ಯಾನ್ಸರನ ಈಟಿ. ಐರಿಷ್ ಪುರಾಣದ ಕೂ ಖುಲಿನ್ ಎಂಬ ಈ ವೀರನ ‘ಗೇ ಬೋಲ್ಗ್’ ಎಂಬ ಆಯುಧವು ಕಾರ್ಯ-ಕಾರಣಗಳ ಕ್ರಮವನ್ನೇ ತಿರುಗುಮುರುಗು ಮಾಡುತ್ತದೆ. ಎಂದರೆ ಎದೆಗೆ ಇರಿತವಾಗಿದೆ ಎಂಬ ಫಲ ಮೊದಲು ನಿಶ್ಚಯವಾಗುತ್ತದೆ, ಈಟಿಯನ್ನು ಚುಚ್ಚುವ ಕ್ರಿಯೆ ಆಮೇಲೆ ಅದನ್ನು ಹಿಂಬಾಲಿಸುತ್ತದೆ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿದೆ ಎಂದ ಸಾಂಖ್ಯರೂ ಇಲ್ಲವೆಂದ ನೈಯಾಯಿಕರೂ ಶತಮಾನಗಟ್ಟಲೆ ವಾದಿಸಿದರು, ಆದರೆ ಕಾರ್ಯವೇ ಮುಂದಾಗಿ ಬಂದು ಕಾರಣಕ್ಕಾಗಿ ಕಾಯುತ್ತಾ ನಿಲ್ಲುವುದೆಂದು ಅವರಲ್ಲಿ ಯಾರೂ ಹೇಳುವ ಧೈರ್ಯ ಮಾಡಲಿಲ್ಲ. ಹಾಗಿದ್ದ ಮೇಲೆ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದ ಈ ಈಟಿಯಿಂದ ಸೇಬರ್ ಹೇಗೆ ತಪ್ಪಿಸಿಕೊಂಡಳು ಎಂದು ಪ್ರೇಕ್ಷಕನು ಕೇಳುವುದು ನ್ಯಾಯವೇ, ಮತ್ತು ಅದಕ್ಕೆ ಉತ್ತರ ‘ಅದೃಷ್ಟ’. ಇದು ಜಾರಿಕೆಯ ಉತ್ತರವಲ್ಲ. ಆಟದಲ್ಲಿ ಪ್ರತಿಯೊಬ್ಬ ಸರ್ವೆಂಟನ ಬಲ, ತಾಳಿಕೆ, ಚುರುಕು, ಮಾಯಾಶಕ್ತಿಗಳ ಜೊತೆಗೆ ಅದೃಷ್ಟಕ್ಕೂ ಶ್ರೇಣಿ ಕೊಟ್ಟ ಪಟ್ಟಿಯಿದೆ. ಶಾಲೆಯ ಅಂಕಪಟ್ಟಿಯನ್ನು ಹೋಲುವ ಆ ಪಟ್ಟಿ ಅನಿಮೆಯಲ್ಲಿ ಕಾಣುವುದು ಅಪರೂಪ. ಹಾಗೆ ನೋಡಿದರೆ ಅಷ್ಟು ಭಯಂಕರ ಈಟಿಯ ಒಡೆಯನಾದ ಲ್ಯಾನ್ಸರನ ಸ್ವಂತ ಅದೃಷ್ಟದ ಶ್ರೇಣಿ ‘ಇ’, ಎಂದರೆ ಪಟ್ಟಿಯ ತಳ.

ಭಾಷ್ಯಕಾರನ ಅಧಿಕಾರ ಅಲುಗಾಡುವ ಒಂದು ಸಂದರ್ಭವೂ ಉಂಟು. ಇದೇ ಸರಣಿಯ ‘ಫೇಟ್/ಅಪಾಕ್ರಿಫಾ’ ಎಂಬ 2017ರ ಅನಿಮೆಯಲ್ಲಿ, ರೊಮೇನಿಯಾದಲ್ಲಿ ನಡೆಯುವ ಯುದ್ಧವೊಂದಕ್ಕೆ ಕೆಂಪು ಬಣದ ಲ್ಯಾನ್ಸರ್ ಆಗಿ ಕರ್ಣನು ಇಳಿದುಬರುತ್ತಾನೆ. 1988ರಲ್ಲಿ ಆರಂಭವಾದ ದೂರದರ್ಶನದ ಮಹಾಭಾರತದಲ್ಲಿ ಮೀಸೆ ಹೊತ್ತ ಭುಜಬಲಶಾಲಿಯನ್ನು ಕಂಡವರಿಗೆ, ಬೆಳ್ಳನೆಯ ಕೂದಲಿನ, ಬಿಳಿಚಿದ ಮೈಯ, ಸಣಕಲು ತರುಣನನ್ನು ಕರ್ಣನೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ಒಪ್ಪಿದ ಮರುಕ್ಷಣವೇ ಸೋಫಾದ ಮೇಲೆ ಪಾತ್ರಗಳು ಅದಲುಬದಲಾಗುತ್ತವೆ. ಭಾಷ್ಯಕಾರನು ‘ಅವನ ಕವಚವು ಬಿದ್ದ ಪೆಟ್ಟನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ’ ಎಂದು ಆರಂಭಿಸುವಷ್ಟರಲ್ಲಿ, ಯಕ್ಷಗಾನದ ಕರ್ಣಪರ್ವವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದ ಮನೆಯ ಅಜ್ಜಿ, ಆ ಕವಚ ಯಾರ ವರ, ಬ್ರಾಹ್ಮಣ ವೇಷದಲ್ಲಿ ಬಂದು ಬೇಡಿದವನು ಯಾರು, ಅದಕ್ಕೆ ಪ್ರತಿಯಾಗಿ ಇಂದ್ರ ಕೊಟ್ಟ ಶಕ್ತಿ ಒಂದೇ ಒಂದು ಸಲ ಬಳಸುವಂಥದ್ದು, ಅದು ಘಟೋತ್ಕಚನ ಮೇಲೆ ಖರ್ಚಾಯಿತು ಎಂಬುದನ್ನೆಲ್ಲ ಪರದೆಯತ್ತ ನೋಡದೆಯೇ ಹೇಳಿ ಮುಗಿಸಿರುತ್ತಾಳೆ. ಕವಚವನ್ನು ಕಳಚಿಕೊಟ್ಟರಷ್ಟೇ ‘ವಾಸವಿ ಶಕ್ತಿ’ಯನ್ನು ಪ್ರಯೋಗಿಸಬಹುದೆಂಬ ಆಟದ ನಿಯಮವು ಅವಳಿಗೆ ನಿಯಮವಾಗಿ ಕಾಣುವುದೇ ಇಲ್ಲ. ಕರ್ಣನಂಥವನಿಗೆ ಲ್ಯಾನ್ಸರನ ವರ್ಗ, ಆ ವರ್ಗಕ್ಕೆ ಅಂಟಿಕೊಂಡ ದುರದೃಷ್ಟದ ಖ್ಯಾತಿ, ಇವೆರಡೂ ಒಟ್ಟಿಗೆ ಬಂದದ್ದು ಜಪಾನೀ ಲೇಖಕರ ಪಾಂಡಿತ್ಯಕ್ಕೆ ಸಾಕ್ಷಿಯೆಂದೇ ಅವಳ ತೀರ್ಪಿರಬಹುದು.

ಅನಿಮೆಗಳು ತಾವಾಗಿ ವಿವರಣೆಗೆ ಪ್ರಯತ್ನಿಸಿಲ್ಲವೆಂದಲ್ಲ. ಗೆನ್ ಉರೊಬುಚಿ ಬರೆದ ಪೂರ್ವಕಥೆಯನ್ನು ಆಧರಿಸಿ ಯುಫೋಟೇಬಲ್ ಸ್ಟುಡಿಯೋ 2011ರಲ್ಲಿ ಆರಂಭಿಸಿದ ‘ಫೇಟ್/ಜೀರೋ’ದ ದೀರ್ಘವಾದ ಮೊದಲ ಕಂತಿನಲ್ಲಿ, ಯುದ್ಧದ ನಿಯಮಗಳನ್ನು ಒಬ್ಬ ತರುಣ ಪಾದ್ರಿಗೆ ಹೇಳಿಕೊಡುವ ದೃಶ್ಯವಿದೆ, ಮಾತು ಉದ್ದವಾಯಿತೆಂಬ ಅಳುಕಿನಿಂದಲೋ ಏನೋ, ಹೇಳುವವರು ಕೇಳುವವನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಹೇಳುತ್ತಾರೆ. ಚಿತ್ರ ಚಲಿಸಿದಂತಾಯಿತು, ವಿಷಯವೂ ತಲುಪಿದಂತಾಯಿತು ಎಂಬ ಈ ಉಪಾಯವು ಅಭಿಮಾನಿಗಳ ನಡುವೆ ಇಂದಿಗೂ ನಗೆಯ ವಸ್ತು. ಸ್ಟುಡಿಯೋ ಡೀನ್ 2006ರಲ್ಲಿ ಮಾಡಿದ 24 ಕಂತುಗಳ ಮೊದಲ ಅನಿಮೆಯದು ಬೇರೆಯೇ ಸಂಕಟ. ಮೂಲ ಆಟ ವಯಸ್ಕರಿಗೆಂದು ಬಂದದ್ದು, ಮತ್ತು ಮಾಸ್ಟರ್-ಸರ್ವೆಂಟರ ನಡುವೆ ಮಾಯಾಶಕ್ತಿಯ ಹರಿವನ್ನು ಸರಿಪಡಿಸುವ ಒಂದು ಸನ್ನಿವೇಶವನ್ನು ದೂರದರ್ಶನದಲ್ಲಿ ತೋರಿಸುವಂತಿರಲಿಲ್ಲವಾದ್ದರಿಂದ, ಆ ಜಾಗದಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿದ ಡ್ರ್ಯಾಗನ್ ಹಾರಿಬಂತು. ಆ ಡ್ರ್ಯಾಗನ್ ಏಕೆ ಬಂತೆಂದು ಅಜ್ಜಿಯ ಸಮ್ಮುಖದಲ್ಲಿ ಯಾರಾದರೂ ಕೇಳಿದಾಗ ಮಾತ್ರ ಭಾಷ್ಯಕಾರನು, ಅವನ ಇತಿಹಾಸದಲ್ಲಿ ಮೊದಲ ಸಲ, ನೀರು ಕುಡಿಯಲು ಎದ್ದು ಹೋಗುತ್ತಾನೆ.

ಯಾವುದನ್ನು ಮೊದಲು ನೋಡಬೇಕೆಂಬುದು ಈ ಶಾಸ್ತ್ರದ ಅತ್ಯಂತ ವಿವಾದಾಸ್ಪದ ಅಧಿಕರಣ. ಆಟದಲ್ಲಿ ಒಂದೇ ಯುದ್ಧವು ಮೂರು ದಾರಿಗಳಲ್ಲಿ ನಡೆಯುತ್ತದೆ. ಅವುಗಳನ್ನು ಒಂದಾದ ಮೇಲೊಂದರಂತೆ ಓದುವುದು ಕಡ್ಡಾಯ, ಪ್ರತಿಯೊಂದು ದಾರಿಯೂ ಹಿಂದಿನದು ಮುಚ್ಚಿಟ್ಟದ್ದನ್ನು ಬಿಚ್ಚುತ್ತದೆ. ಅನಿಮೆಗಳಾದರೋ ಇಬ್ಬರು ನಿರ್ಮಾಪಕರ ಕೈಯಲ್ಲಿ, 2006ರಿಂದ 2020ರವರೆಗೆ, ಧಾರಾವಾಹಿಗಳಾಗಿಯೂ ಚಲನಚಿತ್ರಗಳಾಗಿಯೂ ಚದುರಿ ಬಂದವು. ಕಾಲಕ್ರಮದಲ್ಲಿ ಹಿಂದಿನ ಕಥೆಯಾದ್ದರಿಂದ ಜೀರೋವನ್ನೇ ಮೊದಲು ನೋಡಬೇಕೆಂದು ಒಂದು ಪಂಥ, ಅದು ಮೂಲವನ್ನು ಓದಿದವರಿಗಾಗಿ ಬರೆದದ್ದಾದ್ದರಿಂದ ಗುಟ್ಟುಗಳನ್ನೆಲ್ಲ ಬಯಲುಮಾಡುತ್ತದೆಂದು ಇನ್ನೊಂದು ಪಂಥ. ಅನಿಮೆಯನ್ನೇ ನೋಡಬಾರದು, ಆಟವನ್ನು ಓದಬೇಕು ಎಂಬ ಮೂರನೆಯ ಪಂಥದವರ ವೈರಾಗ್ಯವು ಬಹುಕಾಲ ನಿರುಪದ್ರವಿಯಾಗಿತ್ತು, ಏಕೆಂದರೆ 2008ರಲ್ಲಿ ಪೂರ್ಣಗೊಂಡ ಅಭಿಮಾನಿಗಳ ಅನುವಾದವನ್ನು ಬಿಟ್ಟರೆ ಜಪಾನಿ ಬಾರದವರಿಗೆ ಇಂಗ್ಲಿಷಿನಲ್ಲಿ ಬೇರೆ ದಾರಿಯಿರಲಿಲ್ಲ, ಭಾಷ್ಯಕಾರನು ಹೇಳಿದ್ದೇ ವೇದವಾಗಿತ್ತು. 2024ರ ಆಗಸ್ಟಿನಲ್ಲಿ ಆಟದ ಪರಿಷ್ಕೃತ ಆವೃತ್ತಿ ಅಧಿಕೃತ ಇಂಗ್ಲಿಷ್ ಪಠ್ಯದೊಂದಿಗೆ ಬಂದ ಮೇಲೆ ಆ ಏಕಸ್ವಾಮ್ಯ ಮುರಿದಿದೆ.

ಐವತ್ತು ಗಂಟೆಯ ಓದಿಗೆ ವ್ಯವಧಾನವಿಲ್ಲದವರು 2014ರ ‘ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್’ ಧಾರಾವಾಹಿಯಿಂದ, ಅದರಲ್ಲಿಯೂ ಸೊನ್ನೆಯೆಂದು ಎಣಿಸಲಾದ ಪೀಠಿಕೆಯ ಕಂತಿನಿಂದ ಆರಂಭಿಸುವುದು ಉತ್ತಮ. ಮನೆಯ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಿರುವುದನ್ನು ಗಮನಿಸದೆ ರಿನ್ ತೋಸಾಕಾ ಎಂಬ ಹುಡುಗಿ ತಪ್ಪು ಮುಹೂರ್ತದಲ್ಲಿ ಆವಾಹನೆ ಮಾಡುವುದು, ಕರೆದದ್ದು ಸೇಬರಳನ್ನಾದರೆ ಸೂರು ಮುರಿದು ಆರ್ಚರ್ ಬಂದು ಬೀಳುವುದು, ಅವನೊಡನೆ ಜಗಳಕ್ಕೆ ನಿಂತು ಮೂರು ಅಮೂಲ್ಯ ಮುದ್ರೆಗಳಲ್ಲಿ ಒಂದನ್ನು ‘ನಾನು ಹೇಳಿದಂತೆ ಕೇಳು’ ಎಂಬರ್ಥದ ಆಜ್ಞೆಗೆ ಅವಳು ಖರ್ಚುಮಾಡಿಬಿಡುವುದು, ಇವೆಲ್ಲ ಆ ಒಂದು ಕಂತಿನಲ್ಲಿ ಬರುತ್ತವೆ, ಮತ್ತು ಆವಾಹನೆ, ವರ್ಗ, ಮುದ್ರೆಗಳ ನಿಯಮಗಳು ಯಾರ ನೆರವೂ ಇಲ್ಲದೆ ಅರ್ಥವಾಗುತ್ತವೆ. ಅನಂತರ ‘ಹೆವೆನ್ಸ್ ಫೀಲ್’ನ ಮೂರು ಚಲನಚಿತ್ರಗಳು, ಕೊನೆಗೆ ಜೀರೋ. ಭಾಷ್ಯಕಾರರು ಈ ಅವಧಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸಲು ಅಡ್ಡಿಯಿಲ್ಲ. ಆ ಆರ್ಚರ್ ನಿಜವಾಗಿ ಯಾರು ಎಂಬುದೊಂದನ್ನು ಮಾತ್ರ, ಪ್ರೇಕ್ಷಕರು ಎಷ್ಟೇ ಗೋಗರೆದರೂ, ದಯವಿಟ್ಟು ಹೇಳಬಾರದು.