ಕಾಗೆ ಎರಡು, ಗುರುಗಳು ಹಲವರು

ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೂ ನನಗೂ ಇರುವ ಹೋಲಿಕೆಗಳು ಸಾಮಾನ್ಯವಲ್ಲ. ಅವರು ಮೈಸೂರಿನವರು, ನಾನೂ ಮೈಸೂರಿನವನು. ಅವರು ಮಹಾರಾಜಾ ಕಾಲೇಜಿನಲ್ಲಿ ಓದಿದರು, ನಾನೂ ಅಲ್ಲೇ ಬೆಂಚು ಸವೆಸಿದೆ. ಮುಂಬೈನ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ, ನನ್ನನ್ನೂ ಸೇರಿಸಿಕೊಂಡಿಲ್ಲ. ಅವರು ಅರ್ಜಿ ಹಾಕಿದ್ದರು, ನಾನು ಹಾಕಿರಲಿಲ್ಲ ಎಂಬುದು ಬರೀ ತಾಂತ್ರಿಕ ವಿಷಯ. ಅವರಿಗೆ ಕಾಗೆ ಎಂದರೆ ಪ್ರಾಣ. ನನಗೂ ಕಾಗೆ ಬಿಟ್ಟರೆ ಬೇರೆ ಯಾವ ಪಕ್ಷಿಯನ್ನೂ ಬರೆಯಲು ಬಾರದು. (ಕಾಗೆಯೂ ಬಾರದು ಎಂಬುದು ಆಮೇಲೆ ತಿಳಿಯಿತು.) ಇಷ್ಟೊಂದು ಬಂಡವಾಳ ಇಟ್ಟುಕೊಂಡು ಮನುಷ್ಯ ಸುಮ್ಮನೆ ಪಿಂಚಣಿ ಎಣಿಸುತ್ತಾ ಕೂರುವುದು ಹೇಗೆ?

ವೆಬ್‌ಕಾಮಿಕ್ಸ್ ಎಂಬ ಹುಚ್ಚು ಹತ್ತಿಸಿದವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. "ಪತ್ರಿಕೆಯವರ ಹಂಗು ಯಾಕೆ ಮಾಮಾ? ನೀವೇ ಬರೀರಿ, ನೀವೇ ಇಂಟರ್‌ನೆಟ್ಟಿಗೆ ಹಾಕಿ. ಸಂಪಾದಕರಿಲ್ಲ, ವಿಷಾದಪತ್ರ ಇಲ್ಲ" ಎಂದ. ಇಲ್ಲದವುಗಳ ಪಟ್ಟಿಯಲ್ಲಿ ಸಂಭಾವನೆ ಮತ್ತು ಓದುಗರೂ ಇದ್ದಾರೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಆಗ ಬೇಕಾಗಿದ್ದದ್ದು ಒಬ್ಬ ಗುರು. ಲಕ್ಷ್ಮಣ್‌ಗೆ ಲಂಡನ್ನಿನ ಡೇವಿಡ್ ಲೋ ಇದ್ದರು. ಹುಡುಗನಾಗಿದ್ದಾಗ 'ದಿ ಹಿಂದೂ' ಪತ್ರಿಕೆಯಲ್ಲಿ ಬರುತ್ತಿದ್ದ ಆ ಮಹಾನುಭಾವರ ವ್ಯಂಗ್ಯಚಿತ್ರಗಳ ಕೆಳಗಿನ ರುಜುವನ್ನು ಲಕ್ಷ್ಮಣ್ ಬಹಳ ಕಾಲ 'ಕೌ' ಎಂದೇ ಓದಿಕೊಂಡಿದ್ದರಂತೆ. ಗುರುವನ್ನು ಹಸು ಎಂದುಕೊಂಡ ಶಿಷ್ಯ ಮುಂದೆ 'ಕೊರವಂಜಿ' ಹಾಸ್ಯಪತ್ರಿಕೆಗೆ ಚಿತ್ರ ಬರೆದು, 1951ರಿಂದ 'ಯು ಸೆಡ್ ಇಟ್' ವ್ಯಂಗ್ಯಚಿತ್ರ ಶುರುಮಾಡಿ ಅಷ್ಟು ದೊಡ್ಡವರಾದರು. ಕನ್ನಡಕ ಹಾಕಿಕೊಂಡು ಎಲ್ಲ ರುಜುಗಳನ್ನೂ ಸರಿಯಾಗಿ ಓದಬಲ್ಲ ನಾನು ಇನ್ನೆಲ್ಲಿಗೆ ಮುಟ್ಟಬೇಡ! ಗುರು ಯಾರಾದರೂ ಸರಿಯೇ, ನನ್ನ ಷರತ್ತು ಒಂದೇ. ಅವರು ನನಗಿಂತ ಕಡಿಮೆ ಕೆಲಸ ಮಾಡುವವರಾಗಿರಬೇಕು.

ಅಂಥವರು ಸಿಕ್ಕೇಬಿಟ್ಟರು ಎಂದುಕೊಂಡೆ. ಅಮೆರಿಕದ ರ‍್ಯಾಂಡಲ್ ಮನ್ರೋ. ನಾಸಾದಲ್ಲಿ ರೋಬಾಟ್‌ಗಳ ಕೆಲಸ ಮಾಡಿಕೊಂಡಿದ್ದವರು 2005ರಲ್ಲಿ 'ಎಕ್ಸ್‌ಕೆಸಿಡಿ' ಎಂಬ ವೆಬ್‌ಕಾಮಿಕ್ಸ್ ಶುರುಮಾಡಿದರು. ಅದರಲ್ಲಿ ಬರೀ ಕಡ್ಡಿ ಮನುಷ್ಯರು. ತಲೆಗೊಂದು ಸೊನ್ನೆ, ಮೈಗೊಂದು ಗೆರೆ, ಕೈಕಾಲಿಗೆ ನಾಲ್ಕು ಗೆರೆ. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲ. ನೋಡುತ್ತಿದ್ದಂತೆ ನನ್ನ ಕಣ್ಣು ತುಂಬಿ ಬಂತು. ಮೂರನೇ ಕ್ಲಾಸಿನಲ್ಲಿ ಇದೇ ಚಿತ್ರಕ್ಕೆ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರಲ್ಲ! ಆದರೆ ಈ ಕಡ್ಡಿ ಮನುಷ್ಯರು ಗುರುತ್ವಾಕರ್ಷಣೆ, ಸಂಭವನೀಯತೆ, ಕಂಪ್ಯೂಟರ್ ಭಾಷೆಗಳ ಬಗ್ಗೆ ಮಾತಾಡುತ್ತಾರೆ. ನನ್ನ ಕಡ್ಡಿ ಮನುಷ್ಯರು "ಊಟ ಆಯ್ತಾ?" ಎಂದು ಕೇಳಿ, "ಆಯ್ತು" ಎಂದು ಉತ್ತರಿಸಿ, ಮುಂದೇನು ಎಂದು ನನ್ನ ಮುಖ ನೋಡುತ್ತಿದ್ದರು. ಸಾಲದ್ದಕ್ಕೆ ಅಳಿಯ 'ಟೈಮ್' ಎಂಬ ಅವರ 2013ರ ಕೃತಿ ತೋರಿಸಿದ. ಅದರಲ್ಲಿ ಚಿತ್ರ ತಾನಾಗಿ ಬದಲಾಗುತ್ತಾ ಹೋಗಿ, ತಿಂಗಳುಗಟ್ಟಲೆ ನಡೆದು, ಮೂರು ಸಾವಿರ ಚಿತ್ರ ದಾಟಿದ ಮೇಲೆ ನಿಂತಿತಂತೆ. ನಡುವೆ ಬಂದ ರಾತ್ರಿಯ ಆಕಾಶದಲ್ಲಿ ನಕ್ಷತ್ರಗಳು ಎಲ್ಲೆಲ್ಲಿವೆ ಎಂದು ನೋಡಿ, ಕಥೆ ನಡೆಯುವುದು ಸಾವಿರಾರು ವರ್ಷ ಮುಂದಿನ ಕಾಲದಲ್ಲಿ ಎಂದು ಓದುಗರು ಲೆಕ್ಕ ಹಾಕಿದರಂತೆ. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ಕಡ್ಡಿ ಮನುಷ್ಯನ ಹಿಂದೆ ಪಂಚಾಂಗ ಇಟ್ಟುಕೊಂಡು ಕೂತಿರುವ ಗುರು ನನಗೆ ಆಗಿಬರುವುದಿಲ್ಲ. ದೂರದಿಂದಲೇ ಕೈಮುಗಿದೆ.

ಮುಂದಿನವರು ಕೆನಡಾದ ರಯಾನ್ ನಾರ್ತ್. ಇವರದ್ದು ಇನ್ನೂ ಅದ್ಭುತ. 2003ರಿಂದ ಇವರ 'ಡೈನೋಸಾರ್ ಕಾಮಿಕ್ಸ್'ನಲ್ಲಿ ಪ್ರತಿ ಸಲವೂ ಅದೇ ಆರು ಚಿತ್ರ, ಅದೇ ಡೈನೋಸಾರ್, ಅದೇ ಎತ್ತಿದ ಕಾಲು. ಬದಲಾಗುವುದು ಮಾತು ಮಾತ್ರ. ಇದಲ್ಲವೇ ಗುರುವಿನ ಲಕ್ಷಣ! ನಾನೂ ಒಂದೇ ಚಿತ್ರ ಬರೆದು ಜನ್ಮ ಕಳೆಯಬಹುದು. ಅಳಿಯ ಕೊಡಿಸಿದ ಪೆನ್ ಟ್ಯಾಬ್ಲೆಟ್ಟಿನ ಮುಂದೆ ಕೂತೆ. ಕೈ ಇಲ್ಲಿ ಗೀಚಿದರೆ ಗೆರೆ ಅಲ್ಲಿ ಪರದೆಯ ಮೇಲೆ ಮೂಡುವ ಸಾಧನ ಅದು. ಕಣ್ಣಿಗೂ ಕೈಗೂ ಇದ್ದ ಅರವತ್ತು ವರ್ಷದ ದಾಂಪತ್ಯ ಆವತ್ತೇ ಮುರಿದುಬಿತ್ತು. ಮನೆಯವಳು ಅದನ್ನು ನೋಡಿ, "ಪರವಾಗಿಲ್ಲ, ಬಿಸಿ ಪಾತ್ರೆ ಇಡೋಕಾಗತ್ತೆ" ಎಂದಳು.

ಹೇಗೋ ಒಂದು ತಂತಿ ಎಳೆದು, ಅದರ ಮೇಲೆ ಎರಡು ಕಪ್ಪು ಮುದ್ದೆ ಇಟ್ಟು, ತಲಾ ಒಂದು ಕೊಕ್ಕು ಹಚ್ಚಿದೆ. ಎರಡು ಕಾಗೆಗಳು. 'ತಂತಿ ಮೇಲೆ' ಎಂದು ಹೆಸರಿಟ್ಟು ಮೊದಲ ಕಂತು ಹಾಕಿದೆ.

ಎಡಗಾಗೆ: "ಕರೆಂಟ್ ಹೋಯ್ತಾ?" ಬಲಗಾಗೆ: "ಹೋಗಿದ್ದಕ್ಕೇ ನಾವಿನ್ನೂ ಇದೀವಿ."

ಹಾಸ್ಯದಲ್ಲಿ ದಮ್ಮಿತ್ತು ಎಂದು ಈಗಲೂ ನನ್ನ ನಂಬಿಕೆ. (ಗೊತ್ತಿದ್ದವರು ಗಮನಿಸಿ, ಒಂದೇ ತಂತಿಯ ಮೇಲೆ ಕೂತ ಕಾಗೆಗೆ ಶಾಕ್ ಹೊಡೆಯುವುದಿಲ್ಲ. ಮನ್ರೋ ಆಗಿದ್ದರೆ ಅದನ್ನೇ ಹಿಡಿದು ಒಂದು ಪುಟ ವಿವರಿಸುತ್ತಿದ್ದರು.) ಮೊದಲ ಪ್ರತಿಕ್ರಿಯೆ ಬಂದದ್ದು ನನ್ನ ಹಳೆಯ ಸಹೋದ್ಯೋಗಿಯಿಂದ. "ಚೆನ್ನಾಗಿದೆ ಸಾರ್. ಆದ್ರೆ ಚಪ್ಪಲಿಗಳು ಯಾಕೆ ಮಾತಾಡ್ತಿವೆ?" ನಮ್ಮ ಕಡೆ ಹುಡುಗರು ಹಳೇ ಚಪ್ಪಲಿ ಜೋಡಿ ಕಟ್ಟಿ ತಂತಿಯ ಮೇಲೆ ಎಸೆಯುವುದುಂಟು, ನಿಜ. ಇನ್ನೊಬ್ಬರು ಬದನೆಕಾಯಿ ಎಂದರು. ಅವರಿಬ್ಬರ ನಡುವೆ ವಾದ ಬೆಳೆಯಿತು. ಕಾಗೆಯ ಪರ ಮಾತಾಡಿದವನು ನಾನೊಬ್ಬನೇ, ಅದೂ ಬೇರೆ ಹೆಸರಿನಲ್ಲಿ.

ಆಗ ನೆನಪಾದವರು ಗ್ಯಾರಿ ಲಾರ್ಸನ್. ಇಂಟರ್‌ನೆಟ್ಟಿನವರಲ್ಲ, ಪತ್ರಿಕೆಯ ಕಾಲದವರು. ಆದರೆ ಇಂದು ಪ್ರಾಣಿಗಳಿಂದ ಮಾತಾಡಿಸುವ ಯಾವ ವೆಬ್‌ಕಾಮಿಕ್ಸ್ ನೋಡಿದರೂ ಎಲ್ಲೋ ಅವರ ನೆರಳು ಕಾಣುತ್ತದೆ. 1982ರಲ್ಲಿ ಅವರ 'ದಿ ಫಾರ್ ಸೈಡ್'ನಲ್ಲಿ ಒಂದು ಹಸು ನಿಂತಿತ್ತು. ಮುಂದೆ ಮೇಜು, ಮೇಜಿನ ಮೇಲೆ ಅಂದಗೆಟ್ಟ ನಾಲ್ಕು ವಸ್ತು. ಕೆಳಗೆ 'ಹಸುವಿನ ಹತ್ಯಾರುಗಳು' ಎಂಬರ್ಥದ ಎರಡು ಪದ. ಒಂದು ಮಾತ್ರ ಗರಗಸದಂತೆ ಕಂಡದ್ದರಿಂದ ಉಳಿದ ಮೂರು ಏನಿರಬಹುದು ಎಂದು ಅಮೆರಿಕವೆಲ್ಲ ತಲೆ ಕೆಡಿಸಿಕೊಂಡಿತು. ಪತ್ರ, ಫೋನು ಮುಗಿಬಿದ್ದವು. ಕಡೆಗೆ ಲಾರ್ಸನ್ ಪತ್ರಿಕಾ ಹೇಳಿಕೆ ಕೊಟ್ಟು, ಹಸು ಹತ್ಯಾರು ಮಾಡಿದರೆ ಅದು ಒರಟಾಗಿಯೇ ಇರುತ್ತದಲ್ಲವೇ, ಜೋಕು ಅಷ್ಟೇ ಎಂದು ವಿವರಿಸಬೇಕಾಯಿತು. ಸರಿ, ನಾನೂ ಒಂದು ಹೇಳಿಕೆ ಹೊರಡಿಸಿದೆ. ಚಿತ್ರದ ಮೇಲೆ ಎರಡು ಬಾಣ ಎಳೆದು ಎರಡಕ್ಕೂ 'ಕಾಗೆ' ಎಂದು ಬರೆದೆ. "ಓಹೋ, ಕಾಗೆ ಮಾರ್ಕಿನ ಚಪ್ಪಲಿಯಾ?" ಎಂದು ಸಹೋದ್ಯೋಗಿ ಕೇಳಿದರು.

ಲಾರ್ಸನ್ ಮೇಲಿನ ಪ್ರೀತಿಯಿಂದ ವಿಜ್ಞಾನಿಯೊಬ್ಬರು ಗೂಬೆಗಳ ಮೈಮೇಲಿರುವ ಒಂದು ಜಾತಿಯ ಹೇನಿಗೆ ಅವರ ಹೆಸರಿಟ್ಟಿದ್ದಾರೆ. ನನ್ನ ಹೆಸರಿಗೆ ಇನ್ನೂ ಯಾವ ಹೇನೂ ಒಪ್ಪಿಲ್ಲ. ಇನ್ನು ನಮ್ಮ ದೇಶದ ರೋಹನ್ ಚಕ್ರವರ್ತಿ ದಂತವೈದ್ಯಕೀಯ ಬಿಟ್ಟು 'ಗ್ರೀನ್ ಹ್ಯೂಮರ್' ಎಂಬ ಕಾಮಿಕ್ಸ್ ಕಟ್ಟಿದವರು. ಅವರು ಬರೆದ ಹಕ್ಕಿ ನಗಿಸುತ್ತದೆ, ಜೊತೆಗೆ ಯಾವ ಜಾತಿಯ ಹಕ್ಕಿ ಎಂದೂ ಗೊತ್ತಾಗುತ್ತದೆ. ನಾನು ಅವರ ಪುಟವನ್ನು ಮುಚ್ಚಿಟ್ಟಿದ್ದೇನೆ. ಆರೋಗ್ಯಕ್ಕೆ ಒಳ್ಳೆಯದಲ್ಲ.

ಚಿತ್ರದ ಗೋಳು ಇಷ್ಟಾದರೆ ಅಕ್ಷರದ್ದು ಬೇರೆಯೇ. ಇಂಗ್ಲಿಷಿನವರು ಮಾತಿನ ಗುಳ್ಳೆಯೊಳಗೆ ದೊಡ್ಡಕ್ಷರಗಳನ್ನು ಒತ್ತೊತ್ತಾಗಿ ಜೋಡಿಸಿಬಿಡುತ್ತಾರೆ. ಎಲ್ಲ ಒಂದೇ ಎತ್ತರ. ನಮ್ಮದರಲ್ಲಿ ತಲೆಯ ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕೆಳಗೆ ಒತ್ತು. ಸಾಲಿನ ಕೆಳಗೆ ಒತ್ತಕ್ಷರಕ್ಕೊಂದು ನೆಲಮಾಳಿಗೆ ಕಟ್ಟದಿದ್ದರೆ ಅದು ಕೆಳಗಿನವರ ತಲೆಯ ಮೇಲೆ ಕೂರುತ್ತದೆ. ನೆಲಮಾಳಿಗೆ ಕಟ್ಟಿದರೆ ಗುಳ್ಳೆ ಊದಿ, ತಂತಿ ಮುಚ್ಚಿ, ಕಾಗೆಗಳಿಗೆ ಕೂರಲು ಜಾಗವಿಲ್ಲ. ಮೇಲಾಗಿ ನನ್ನ ಚಿತ್ರದ ಸಾಫ್ಟ್‌ವೇರಿಗೆ ಒತ್ತಕ್ಷರ ಎಂದರೆ ಏನೆಂದೇ ಗೊತ್ತಿರಲಿಲ್ಲ. 'ಕಷ್ಟ' ಎಂದು ಹಾಕಿದರೆ 'ಕಷ್‌ಟ' ಎಂದು ಬಿಡಿಸಿ ಇಡುತ್ತಿತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿ ಅಂಟಿಸಿದರೆ ಯಾವುದೋ ಗ್ರಹದ ಲಿಪಿ. ಬಲಗಾಗೆ ಪಾಪ ಸ್ವಲ್ಪ ತೊದಲುತ್ತದೆ ಎಂದು ಓದುಗರು ಸಹಾನುಭೂತಿ ತೋರಿಸಿದರು. ಕೊನೆಗೆ ಕೈಯಲ್ಲೇ ಬರೆದೆ. ನನ್ನ ಕೈಬರಹವನ್ನು ಓದಬಲ್ಲವರು ಹಿಂದೆ ಕಚೇರಿಯಲ್ಲಿ ಒಬ್ಬರಿದ್ದರು, ಅವರಿಗೂ ವರ್ಗಾವಣೆಯಾಗಿತ್ತು.

ಒಂದೇ ಚಿತ್ರದ ವಿದ್ಯೆ ಬಹಳ ದಿನ ನಡೆಯಲಿಲ್ಲ. ಕರೆಂಟಿನ ಬಗ್ಗೆ ಎರಡು ಕಾಗೆಗಳು ಆಡಬಹುದಾದ ಮಾತೆಲ್ಲ ಮುಗಿದುಹೋಯಿತು. ನಾರ್ತ್ ಅದೇ ಆರು ಚಿತ್ರಗಳಲ್ಲಿ ಸಾವಿರಾರು ಕಂತು ಬರೆದಿದ್ದಾರೆ. ಹಾಗೆ ಬರೆಯಬೇಕಾದರೆ ತಲೆಯೊಳಗೆ ಏನಾದರೂ ಇರಬೇಕಾಗುತ್ತದಂತೆ. ಅದನ್ನು ಮೊದಲೇ ಹೇಳಬಾರದೇ?

ಆಗ ಅಳಿಯ ಮೂರನೇ ದಾರಿ ತೋರಿಸಿದ. ಡೇವಿಡ್ ಮಾಲ್ಕಿ ಎಂಬವರು ಹತ್ತೊಂಬತ್ತನೇ ಶತಮಾನದ ಹಳೆಯ ಅಚ್ಚಿನ ಚಿತ್ರಗಳನ್ನು ಕತ್ತರಿಸಿ, ಹೊಸ ಮಾತು ಜೋಡಿಸಿ 'ವಂಡರ್‌ಮಾರ್ಕ್' ಮಾಡುತ್ತಾರೆ. ಅದರ ಪ್ರೇರಣೆಯಿಂದ ಬೆಂಗಳೂರಿನ ಆರತಿ ಪಾರ್ಥಸಾರಥಿ ಮೊಘಲರ ಕಾಲದ ಕಿರುಚಿತ್ರಗಳಿಗೆ ಈಗಿನವರ ಚಿಂತೆ, ಬೇಸರಗಳನ್ನು ತುಂಬಿ 'ರಾಯಲ್ ಎಕ್ಸಿಸ್ಟೆನ್ಷಿಯಲ್ಸ್' ಶುರುಮಾಡಿದರು. ಗುಲಾಬಿ ಹಿಡಿದ ರಾಜಕುಮಾರಿ ಸಮಾನತೆಯ ಬಗ್ಗೆ ಮಾತಾಡುತ್ತಾಳೆ. ಬರೆಯುವ ಗೋಜೇ ಇಲ್ಲ! ಆದರೆ ನನಗೆ ಮೊಘಲರೆಲ್ಲಿ ಸಿಗಬೇಕು? ಅಟ್ಟದ ಮೇಲಿದ್ದ ನಮ್ಮ ಮದುವೆಯ ಆಲ್ಬಮ್ ಇಳಿಸಿದೆ.

ಮೊದಲ ಚಿತ್ರಕ್ಕೆ ದೊಡ್ಡಪ್ಪನ ಮಗ ಸಿಕ್ಕ. ಪಂಕ್ತಿಯಲ್ಲಿ ಕೂತು, ಬಾಯಿಯ ಹತ್ತಿರ ಹೋಳಿಗೆ ಹಿಡಿದು, ಜಗತ್ತಿನ ಮೇಲೆ ನಂಬಿಕೆ ಕಳೆದುಕೊಂಡವನಂತೆ ಎತ್ತಲೋ ನೋಡುತ್ತಿದ್ದ. ಗುಳ್ಳೆಯಲ್ಲಿ "ಹಾಕಿದ ಮುಯ್ಯಿಗೆ ಇನ್ನೆರಡು ಹೋಳಿಗೆ ಬಾಕಿ" ಎಂದು ಬರೆದೆ. ಅದು ಸಂಜೆಯೊಳಗೆ ನಂಜನಗೂಡು, ಹಾಸನ, ನ್ಯೂಜೆರ್ಸಿ ಮುಟ್ಟಿತು. ನನ್ನ ಕಲಾಜೀವನದ ಏಕೈಕ ಅಂತರರಾಷ್ಟ್ರೀಯ ಯಶಸ್ಸು. ರಾತ್ರಿ ಅಣ್ಣನ ಫೋನು. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿದೆ. "ಹೋಳಿಗೆ ವಿಷಯ ಬಿಡು. ನಾನು ಹಾಕಿದ್ದು ನೂರಾ ಒಂದು ರೂಪಾಯಿ, ಆ ಕಾಲಕ್ಕೆ ಅದು ಕಡಿಮೆಯಲ್ಲ. ಮೊತ್ತ ಯಾಕೆ ಹಾಕಿಲ್ಲ?" ಎಂದ. ಮರುದಿನದಿಂದ ಉಳಿದ ನೆಂಟರು, ತಮ್ಮ ಫೋಟೋ ಬರುವ ಮೊದಲೇ, ತಾವು ಹಾಕಿದ ಮುಯ್ಯಿಯ ಲೆಕ್ಕ ಕಳಿಸತೊಡಗಿದರು. ಆಲ್ಬಮ್ ಅಟ್ಟಕ್ಕೆ ಹೋಯಿತು, ಈ ಸಲ ಬೀಗ ಹಾಕಿಕೊಂಡು.

ಕಷ್ಟದಲ್ಲಿದ್ದಾಗ ಮನುಷ್ಯ ದೊಡ್ಡವರನ್ನು ನೆನೆಯುತ್ತಾನೆ. ಚಾರ್ಲ್ಸ್ ಶುಲ್ಜ್ 1950ರಿಂದ ಸುಮಾರು ಐವತ್ತು ವರ್ಷ 'ಪೀನಟ್ಸ್' ಬರೆದರು. 17,897 ಚಿತ್ರಪಟ್ಟಿಗಳು, ಸಹಾಯಕರಿಲ್ಲದೆ. ಕೊನೆಯ ಭಾನುವಾರದ ಪಟ್ಟಿ ಅಚ್ಚಾಗಿ ಓದುಗರ ಕೈಗೆ ಬರುವ ಹಿಂದಿನ ರಾತ್ರಿ ತೀರಿಕೊಂಡರು. ಇಳಿವಯಸ್ಸಿನಲ್ಲಿ ಅವರ ಕೈ ನಡುಗಿ ಗೆರೆಯೂ ನಡುಗುತ್ತಿತ್ತು. ನನ್ನ ಗೆರೆಯೂ ಥೇಟ್ ಹಾಗೇ ನಡುಗುತ್ತದೆ, ಕೈ ನೆಟ್ಟಗಿದ್ದಾಗಲೂ. ಶುಲ್ಜ್ ಅವರನ್ನು ಆರಾಧಿಸಿದ ಬಿಲ್ ವಾಟರ್‌ಸನ್ ಹತ್ತು ವರ್ಷ 'ಕ್ಯಾಲ್ವಿನ್ ಅಂಡ್ ಹಾಬ್ಸ್' ಬರೆದು, ಗೊಂಬೆ, ಮಗ್ಗು, ಟೀ ಶರ್ಟಿಗೆ ಅದರಲ್ಲಿನ ಹುಲಿಯನ್ನು ಮಾರುವುದಿಲ್ಲ ಎಂದು ಹಟ ಹಿಡಿದು, 1995ರ ಕೊನೆಯ ದಿನ ನಿಲ್ಲಿಸಿಬಿಟ್ಟರು. ಅವರು ಬಿಟ್ಟ ದುಡ್ಡಿಗೆ ಲೆಕ್ಕವಿಲ್ಲ. ಈ ಗುರು ನನಗೆ ಎಲ್ಲ ರೀತಿಯಿಂದಲೂ ಒಪ್ಪಿಗೆಯಾದರು. ನನ್ನ ಕಾಗೆಗಳನ್ನೂ ಮಗ್ಗಿನ ಮೇಲೆ ಅಚ್ಚು ಹಾಕಲು ಬಿಡುವುದಿಲ್ಲ ಎಂದು ಮನೆಯಲ್ಲಿ ಘೋಷಿಸಿದೆ. "ಯಾರು ಕೇಳಿದ್ರು?" ಎಂದಳು ಮನೆಯವಳು. ಯಾರೂ ಕೇಳದಿದ್ದಾಗಲೇ ಒಲ್ಲೆ ಎನ್ನುವುದರಲ್ಲಿ ಇನ್ನೂ ಹೆಚ್ಚಿನ ತ್ಯಾಗವಿದೆ ಎಂದು ಅವಳಿಗೆ ಯಾರು ಹೇಳಬೇಕು?

ವೆಬ್‌ಕಾಮಿಕ್ಸ್ ಮಾಡುವವರಿಗೆ ಗೆಲುವೆಂದರೆ ಕಳ್ಳತನ ಎಂದು ಅಳಿಯ ಹೇಳಿದ್ದ. ಬೆಂಕಿ ಹೊತ್ತಿದ ಕೋಣೆಯಲ್ಲಿ ಟೋಪಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಕೂತ ನಾಯಿಯನ್ನು ನೀವೂ ನೋಡಿರುತ್ತೀರಿ. ಅದನ್ನು 2013ರಲ್ಲಿ ಬರೆದವರು ಕೆ.ಸಿ. ಗ್ರೀನ್. ಮೂಲದಲ್ಲಿ ಆರು ಚಿತ್ರ. ಜಗತ್ತು ಮೊದಲೆರಡನ್ನು ಕತ್ತರಿಸಿಕೊಂಡು ತನ್ನದೇ ಎಂಬಂತೆ ಹಂಚಿತು. ನಾಯಿ ಗೊತ್ತಿರುವವರಲ್ಲಿ ಹೆಚ್ಚಿನವರಿಗೆ ಗ್ರೀನ್ ಗೊತ್ತಿಲ್ಲ. ನಾನೂ ಕತ್ತರಿಸಲು ಅನುಕೂಲವಾಗಲೆಂದು ರುಜುವನ್ನು ಮೂಲೆಗೆ ಸರಿಸಿ ಕಾದೆ.

ಕದ್ದರು! ಒಂದು ಬೆಳಿಗ್ಗೆ ನಮ್ಮ ಬಡಾವಣೆಯ ವಾಟ್ಸ್ಆಪ್ ಗುಂಪಿನಲ್ಲಿ ನನ್ನದೇ ಚಿತ್ರ. ರುಜು ಮಾಯ. ಕಾಗೆ ಅಪಶಕುನ ಎಂದೋ ಏನೋ, ಎರಡರ ಮೇಲೂ ಗುಲಾಬಿ ಹೂವು ಅಂಟಿಸಿ, ಕೆಳಗೆ 'ಶುಭೋದಯ' ಎಂದು ಹಾಕಿದ್ದರು. ಗುಲಾಬಿಯ ದಳಕ್ಕೆ ಸಿಕ್ಕಿ ಬಲಗಾಗೆಯ ಮಾತೂ ಮುಚ್ಚಿಹೋಗಿ, ಉಳಿದದ್ದು "ಕರೆಂಟ್ ಹೋಯ್ತಾ?" ಎಂಬುದಷ್ಟೇ. ಅದರ ಕೆಳಗೆ ಪ್ರತಿಕ್ರಿಯೆಗಳ ಸುರಿಮಳೆ. "ನಮ್ಮಲ್ಲಿ ಇದೆ." "ಮೂರನೇ ಕ್ರಾಸಲ್ಲಿ ಇಲ್ಲ." "ನಿನ್ನೆಯಿಂದ ಲೋ ವೋಲ್ಟೇಜ್." "ಲೈನ್‌ಮನ್‌ಗೆ ಹೇಳಿದೀನಿ, ಬರ್ತಿದಾನೆ." ನನ್ನ ಬೇರೆ ಯಾವ ಕೃತಿಗೂ ಜನ ಇಷ್ಟು ಮನಸ್ಸಿಟ್ಟು ಸ್ಪಂದಿಸಿಲ್ಲ.

ಇದರ ಮೂಲ ಕರ್ತೃ ನಾನೇ ಎಂದು ಗುಂಪಿನಲ್ಲಿ ಬರೆದದ್ದಕ್ಕೆ ಫಲವೂ ಸಿಕ್ಕಿತು. ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗಳು ಮನೆಗೇ ಬಂದರು. "ನಿಮಗೆ ಚಿತ್ರ ಬರತ್ತಂತೆ, ಗೊತ್ತೇ ಇರ್ಲಿಲ್ಲ ಸಾರ್. ಮನೆಮನೆಗೂ ಕಸದ ಬಕೆಟ್ ಕೊಡ್ತಿದೀವಿ. ಅದರ ಮೇಲೆ ಅಂಟಿಸೋಕೆ ಒಂದು ಚಿತ್ರ ಬೇಕಿತ್ತು." ಕಾಗೆ ಹಾಕಲೇ ಎಂದೆ, ಸಹಜವಾಗಿ. "ಛೆ ಛೆ, ಕಾಗೆ ಬೇಡ, ಗಲೀಜು ಅನ್ಸತ್ತೆ. ಆ ತಂತಿ ಮೇಲಿನ ಚಪ್ಪಲಿ ಬರೀತಿದ್ರಲ್ಲ, ಅದನ್ನೇ ಕೊಡಿ. ಹಳೇ ಚಪ್ಪಲಿ ಒಣ ಕಸಕ್ಕೇ ಬರೋದು, ಸರಿಯಾಗಿ ಕೂರತ್ತೆ."

ವಾಟರ್‌ಸನ್ ಅವರ ಕ್ಷಮೆ ಕೇಳಿ ಒಪ್ಪಿಕೊಂಡೆ. ಮೂಲೆಯಲ್ಲಿ ನನ್ನ ರುಜು ಇರಲೇಬೇಕು ಎಂದು ಮಾತ್ರ ಖಡಾಖಂಡಿತವಾಗಿ ಹೇಳಿದ್ದೇನೆ. ಪಾಲಿಕೆಯ ಲಾಂಛನ, ಸಂಘದ ಹೆಸರು, ಬಕೆಟ್ ದಾನಿಗಳ ಹೆಸರು ಎಲ್ಲ ಹಾಕಿದ ಮೇಲೆ ಜಾಗ ಉಳಿದರೆ ನೋಡೋಣ ಎಂದಿದ್ದಾರೆ.